ಅಡುಗೆಮನೆಯ ತಟಸ್ಥ ವಲಯ

ಕೊಲ್ಲಿ ದೇಶದ ಸತ್ವಾ ಬಡಾವಣೆಯ ವಿಲ್ಲಾವೊಂದರ ಅಡುಗೆಮನೆಯಲ್ಲಿ ಹೊಗೆ ಎಳೆಯುವ ಫ್ಯಾನು ನಿಂತುಹೋಗಲು ಕಾರಣ ಮುಖ್ಯ ವೈರಾಗ್ಯ. ವೈರಾಗ್ಯವಲ್ಲ, ಪದ ಲೋಲಾಕ್ಷಿಯಮ್ಮನ ನಾಲಿಗೆಯ ತುದಿವರೆಗೆ ಬಂದು ನಿಲ್ಲುತ್ತದೆ. ವೈಚಿತ್ರ್ಯವೂ ಅಲ್ಲ. ವೈರುಧ್ಯ. ಹೌದು, ಮುಖ್ಯ ವೈರುಧ್ಯ. ಮೋಟಾರು ಸುಟ್ಟಿದೆ ಎಂದೇ ಮೊದಲ ದಿನ ಎಲ್ಲರೂ ತಿಳಿದಿದ್ದರು. ಅದು ಮೇಲುಮೇಲಿನ ತಿಳಿವಳಿಕೆ ಎಂದು ಆಮೇಲೆ ಮನೆಯಲ್ಲಿ ಹುಟ್ಟಿದ ಎರಡೂ ಬಣಗಳು ಒಮ್ಮತದಿಂದ ಘೋಷಿಸಿದವು. ಅವು ಒಮ್ಮತದಿಂದ ಘೋಷಿಸಿದ್ದು ಅದೊಂದನ್ನೇ.

ವಿಲ್ಲಾ ಕಟ್ಟಿದ್ದು ಒಂದು ಕುಟುಂಬಕ್ಕೆ. ಮಾಲಿಕನಿಂದ ಅದನ್ನು ಬಾಡಿಗೆಗೆ ಹಿಡಿದ ಕಾಸರಗೋಡಿನ ಅಹ್ಮದ್ ಕುಂಞಿ ಹಾಲ್‌ನ ನಡುವೆ ಪ್ಲೈವುಡ್ ಗೋಡೆ ಎಬ್ಬಿಸಿ, ಕೋಣೆ ಕೋಣೆಯಾಗಿ ಹಂಚಿದ್ದ. ಗೋಡೆಯ ಈಚೆ ಒಂದು ಕೋಣೆಯಲ್ಲಿ ಲೋಲಾಕ್ಷಿಯಮ್ಮ, ಮಗ ಕೀರ್ತನ್, ಸೊಸೆ, ಮೊಮ್ಮಗಳು ತೃಷಾ. ಇನ್ನೊಂದರಲ್ಲಿ ಇಬ್ಬರು ಕೊರಿಯಾದವರು. ಆಚೆ ಟೈಲರ್ ಪೂವಪ್ಪ ಮತ್ತು ಬಾಗಲಕೋಟೆಯ ಎಸಿ ಮೆಕ್ಯಾನಿಕ್ ಸಿದ್ದಪ್ಪ. ಎಲ್ಲರಿಗೂ ಅಡುಗೆಮನೆ ಒಂದೇ, ನಾಲ್ಕು ಬರ್ನರಿನ ಒಲೆಯೂ ಒಂದೇ. ಕಿಟಕಿ ಬದಿಯ ಬರ್ನರು ಲೋಲಾಕ್ಷಿಯಮ್ಮನದು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ, ಕೇಳಿದವರೂ ಇರಲಿಲ್ಲ. ಮಗ ಸೊಸೆ ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆ ಬರುವವರು. ಹೊರಗಿನ ಬೀದಿಯ ಭಾಷೆ ಲೋಲಾಕ್ಷಿಯಮ್ಮನಿಗೆ ಬಾರದು. ತೃಷಾ ಶಾಲೆಯಿಂದ ಬರುವ ಹೊತ್ತಿಗೆ ಅಲ್ಲಿ ಸಾರು ಕುದಿಯುತ್ತಿದ್ದರೆ ತಾನು ಈ ಊರಿನಲ್ಲಿ ಇದ್ದೇನೆ, ಇಲ್ಲವಾದರೆ ಇಲ್ಲ, ಅಷ್ಟೇ ಅವರ ಲೆಕ್ಕ.

ಕೊರಿಯಾದ ಹಾನ್ ಮತ್ತು ಲಿಮ್ ಐವತ್ತು ದಾಟಿದವರು. ಬಿಡಿಭಾಗ ತರಿಸುವ ಸಣ್ಣ ಕಂಪನಿಯೊಂದರಲ್ಲಿ ಕೆಲಸ. ಹುಡುಗರಾಗಿದ್ದಾಗ ಇಬ್ಬರೂ ಸೋಲ್‌ನ ಒಂದೇ ಕಾಲೇಜಿನಲ್ಲಿ ಓದಿ, ಮಿಲಿಟರಿ ಸರಕಾರದ ವಿರುದ್ಧ ಬೀದಿಗಿಳಿದು, ಒಂದೇ ಪೊಲೀಸನಿಂದ ಪೆಟ್ಟು ತಿಂದವರು. ಆಮೇಲೆ ಹಾನ್‌ನ ಬಣ, ದೇಶ ಎರಡು ತುಂಡಾಗಿದೆ, ಮೊದಲು ಅದನ್ನು ಕೂಡಿಸಬೇಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದಿತು. ಲಿಮ್‌ನ ಬಣ, ಮೊದಲು ಮಾಲಿಕನ ಮತ್ತು ದುಡಿಯುವವನ ಜಗಳ ತೀರಬೇಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದಿತು. ಅಶ್ರುವಾಯುವಿನ ನಡುವೆಯೂ ಅವರಿಬ್ಬರು ಬೇರೆ ಬೇರೆ ಸಾಲಿನಲ್ಲಿ ಓಡಿದ್ದರಂತೆ. ಅಂದಿನಿಂದ ಮಾತಿಲ್ಲ. ಇದು ತಿಳಿಯದ ಕಂಪನಿ ಇಬ್ಬರಿಗೂ ಒಂದೇ ಕೋಣೆ ಕೊಟ್ಟಿತ್ತು. ಒಬ್ಬರಿಗೆ ಉಪ್ಪು ಬೇಕಾದರೆ ಲೋಲಾಕ್ಷಿಯಮ್ಮನ ಮೂಲಕ ಕೇಳಬೇಕು.

ಫ್ಯಾನು ನಿಂತ ವಾರ ಲೋಲಾಕ್ಷಿಯಮ್ಮ ಒಣಮೀನು ಹುರಿದರು. ಹೊಗೆ ಎಲ್ಲರ ಕಣ್ಣಿಗೂ ಸಮಾನವಾಗಿ ಹೋಯಿತು. ಶುಕ್ರವಾರ ಊಟದ ನಂತರ ಅವರೇ ಎಲ್ಲರನ್ನೂ ಕರೆದರು.

"ಅಹ್ಮದ್ ಕುಂಞಿಗೆ ಒಂದು ಮಾತು ಹೇಳುವ. ಹೊಸ ಫ್ಯಾನು ಹಾಕ್ತಾನೆ. ಇಷ್ಟೇ ವಿಷಯ."

ಹಾನ್ ಕೈಯೆತ್ತಿದರು. ವಿಷಯ ಅಷ್ಟೇ ಅಲ್ಲ ಎಂದರು. ಮನೆಯನ್ನು ಪ್ಲೈವುಡ್ಡಿನಿಂದ ಎರಡು ಮಾಡಿದ ದಿನವೇ ಗಾಳಿಯ ದಾರಿ ಕಟ್ಟಿತು. ಗೋಡೆ ಬಿದ್ದು ವಿಲ್ಲಾ ಒಂದಾಗದೆ ಯಾವ ಫ್ಯಾನೂ ತಿರುಗದು ಎಂದರು. ಲಿಮ್ ಗೋಡೆಯ ಕಡೆ ಮುಖ ಮಾಡಿ, ಗೋಡೆ ಎಬ್ಬಿಸಿದ್ದು ಬಾಡಿಗೆಯ ಆಸೆ, ಮಾಲಿಕನ ಪ್ರಶ್ನೆ ಬಿಟ್ಟು ಗೋಡೆಯ ಪ್ರಶ್ನೆ ಎತ್ತುವವರು ಜನರ ದಾರಿ ತಪ್ಪಿಸುವವರು ಎಂದರು. ಇಬ್ಬರ ಮುರುಕು ಇಂಗ್ಲಿಷನ್ನು ಕನ್ನಡಕ್ಕೆ ತಂದವನು ಸಿದ್ದಪ್ಪ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುವಾಗ ಅವನು ಯಾವುದೋ ಎಡಪಕ್ಷದ ಅಧ್ಯಯನ ಶಿಬಿರಕ್ಕೆ ಊಟದ ಸಲುವಾಗಿ ಹೋಗಿದ್ದ.

"ಸಿದ್ದಪ್ಪ, ನೀನು ಊರಿನ ಎಸಿಗಳನ್ನೆಲ್ಲ ಸರಿಮಾಡುವವನಲ್ಲವಾ," ಎಂದರು ಲೋಲಾಕ್ಷಿಯಮ್ಮ. "ಇದೊಂದು ನೋಡಬಾರದಾ?"

"ನೋಡೇನ್ರಿ ಅಮ್ಮಾರ. ಹತ್ತ ನಿಮಿಷದ ಕೆಲಸ ಐತಿ. ಆದ್ರ ಈಗ ರಿಪೇರಿ ಮಾಡಿದ್ರ ಜನರ ಸಿಟ್ಟು ಆರಿ ಹೋಗತೈತ್ರಿ. ಅದಕ್ಕ ಸುಮ್ನದೀನಿ."

"ಯಾವ ಜನರ ಸಿಟ್ಟು?"

"ನಿಮ್ದ ರೀ."

ಸಂಜೆಯೊಳಗೆ ಬಣಗಳು ರಚನೆಯಾದವು. ಹಾನ್ ಮತ್ತು ಪೂವಪ್ಪ ಸೇರಿ ಗೋಡೆ ಬಣ. ಲಿಮ್ ಮತ್ತು ಸಿದ್ದಪ್ಪ ಸೇರಿ ಮಾಲಿಕ ಬಣ. ಪೂವಪ್ಪ ಎರಡೂ ಬಣಗಳಿಗೆ ಹಣೆಪಟ್ಟಿ ಹೊಲಿದುಕೊಟ್ಟ. ಎರಡೂ ಕೆಂಪೇ, ಒಂದರ ಅಂಚು ಮಡಚಿ ಹೊಲಿದದ್ದು, ಇನ್ನೊಂದರದು ಮಡಚದೆ.

"ಎದುರಿನವರಿಗೂ ಹೊಲೀತೀಯಲ್ಲ ಪೂವಪ್ಪ?"

"ನನ್ನದು ಹೊಲಿಗೆ ಮಾತ್ರ ಲೋಲಾಕ್ಷಿಯಕ್ಕ. ಸಿದ್ಧಾಂತ ಗಿರಾಕಿಯದ್ದು."

ಫ್ರಿಜ್ಜಿನ ಬಾಗಿಲಿಗೆ ಪ್ರಕಟಣೆ ಅಂಟಿತು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಫ್ಯಾನಿನ ಪ್ರಶ್ನೆಯನ್ನು ಕೇವಲ ಫ್ಯಾನಿನ ಪ್ರಶ್ನೆಯಾಗಿ ಚರ್ಚಿಸತಕ್ಕದ್ದಲ್ಲ. ಮುಖ್ಯ ವೈರುಧ್ಯ ಯಾವುದೆಂದು ತೀರ್ಮಾನವಾಗುವವರೆಗೆ ಒಲೆಯ ಎರಡು ಬರ್ನರುಗಳು ಗೋಡೆ ಬಣದ, ಎರಡು ಮಾಲಿಕ ಬಣದ ಸುಪರ್ದಿಯಲ್ಲಿರತಕ್ಕದ್ದು. ಯಾವ ಬಣಕ್ಕೂ ಸೇರದವರು ತಣ್ಣಗಿನ ಆಹಾರ ಸೇವಿಸಬಹುದು."

ಕಿಟಕಿ ಬದಿಯ ಬರ್ನರು ಗೋಡೆ ಬಣದ ಪಾಲಿಗೆ ಹೋಯಿತು. ರಜೆ ಕಳೆದು ಶಾಲೆಯಿಂದ ಬಂದ ತೃಷಾ ಬ್ರೆಡ್ಡು ತಿಂದಳು. "ಇಟ್ಸ್ ಓಕೆ ಅಜ್ಜಿ, ಐ ಲೈಕ್ ಬ್ರೆಡ್," ಎಂದಳು. ಲೋಲಾಕ್ಷಿಯಮ್ಮನಿಗೆ ಅಳು ಬಂದದ್ದು ಆ ಮಾತಿಗೆ. ರಾತ್ರಿ ಮಗನಿಗೆ ಹೇಳಿದರೆ, "ಅಮ್ಮಾ, ಯಾವುದಾದರೂ ಒಂದಕ್ಕೆ ಸೇರಿಕೊಳ್ಳಿ. ಇಲ್ಲದಿದ್ದರೆ ಮುರಕ್ಕಬಾತ್ ರಸ್ತೆಯ ಹೋಟೆಲಿನಿಂದ ದಿನಾ ಪಾರ್ಸೆಲ್ ತರ್ತೇನೆ, ನಿಮಗೂ ರೆಸ್ಟು," ಎಂದ. ರೆಸ್ಟು ಎಂಬ ಮಾತು ಕೇಳಿ ಅವರಿಗೆ ನಿದ್ದೆ ಬರಲಿಲ್ಲ.

ಮುಂದಿನ ಶುಕ್ರವಾರ ಗೋಡೆ ಬಣಕ್ಕೆ ಅರ್ಜಿ ಹಾಕಿದರು. ಸೇರುವ ಮೊದಲು ಆತ್ಮವಿಮರ್ಶೆ ಮಾಡಬೇಕು, ಇದು ತಮ್ಮ ಕಾಲೇಜಿನಿಂದ ಬಂದ ಪದ್ಧತಿ ಎಂದರು ಹಾನ್.

"ಒಣಮೀನು ಹುರಿದದ್ದು ತಪ್ಪಾಯಿತು," ಎಂದರು ಲೋಲಾಕ್ಷಿಯಮ್ಮ.

ಅದು ಸಾಲದು ಎಂದು ಹಾನ್ ತಲೆಯಾಡಿಸಿದರು. ಹುರಿಯುವಾಗ ಗೋಡೆಯ ಬಗ್ಗೆ ಯೋಚಿಸಿದಿರಾ?

"ಇಲ್ಲ. ಮೀನು ಸೀದೀತು ಅಂತ ಯೋಚಿಸಿದೆ."

ಅವರನ್ನು ಅವಕಾಶವಾದಿ ಎಂದು ದಾಖಲಿಸಿ ಅರ್ಜಿ ತಿರಸ್ಕರಿಸಲಾಯಿತು. ಮಾಲಿಕ ಬಣ ಅವರನ್ನು ಅದಕ್ಕೂ ಮೊದಲೇ, ಅರ್ಜಿ ಇಲ್ಲದೆಯೇ, ತಿರಸ್ಕರಿಸಿತ್ತು.

ಅಷ್ಟರಲ್ಲಿ ಗೋಡೆ ಬಣ ಒಡೆಯಿತು. ಪ್ಲೈವುಡ್ಡನ್ನು ಮೇಲಿನಿಂದ ಕಿತ್ತು ಬೀಳಿಸಬೇಕೆಂದು ಹಾನ್, ಕೆಳಗಿನಿಂದ ಸಡಿಲಿಸಬೇಕೆಂದು ಪೂವಪ್ಪ. ಗೋಡೆಯನ್ನು ಅಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ. ಈಗ ಮೂರು ಬಣ, ನಾಲ್ಕು ಬರ್ನರು. ಹೊಸ ಪ್ರಕಟಣೆಯ ಪ್ರಕಾರ ಒಂದೊಂದು ಬಣಕ್ಕೆ ಒಂದೊಂದು. ಕಿಟಕಿ ಬದಿಯದನ್ನು "ಇತಿಹಾಸದಲ್ಲಿ ಮುಂದೆ ಹುಟ್ಟಲಿರುವ ಬಣಕ್ಕೆ" ಕಾದಿರಿಸಲಾಯಿತು. ಅದರ ಮೇಲೆ ಪೂವಪ್ಪ ಒಂದು ಕೆಂಪು ಬಟ್ಟೆ ಹೊಚ್ಚಿದ.

ಲೋಲಾಕ್ಷಿಯಮ್ಮ ಅಹ್ಮದ್ ಕುಂಞಿಗೆ ಫೋನು ಮಾಡಿಸಿದರು. ಅವನು ಬಂದು, ಮೂರು ಬಣಗಳ ಮಾತನ್ನೂ ಚಪ್ಪಲಿ ಬಿಚ್ಚಿಟ್ಟು ಗೌರವದಿಂದ ಕೇಳಿದ. ಮೂರನ್ನೂ ಒಪ್ಪಿದ.

"ಫ್ಯಾನು ಗಾಡಿಯಲ್ಲೇ ಉಂಟು ಲೋಲಾಕ್ಷಿಯಮ್ಮ. ಆದರೆ ಯಾರ ಪರವಾಗಿ ಹಾಕುವುದು ನಾನು? ಇವರ ಪರ ಹಾಕಿದರೆ ಅವರಿಗೆ ಬೇಜಾರು. ನಿಮ್ಮಲ್ಲಿ ಮೊದಲು ತೀರ್ಮಾನ ಆಗಲಿ. ಆದ ಕೂಡಲೇ ಯಲ್ಲಾ, ಖಲಾಸ್, ಕೆಲಸ ಮುಗೀತು."

"ಅದು ಯಾವಾಗ ಆಗುವುದು?"

"ಕೊರಿಯಾದಲ್ಲಿ ಇನ್ನೂ ಆಗಿಲ್ಲವಂತೆ," ಎಂದ ಅವನು ತೃಪ್ತಿಯಿಂದ.

ಶಾಂತಿ ಕಾಪಾಡುವ ಜವಾಬ್ದಾರಿ ತನ್ನದು ಎಂದು ಅವನು ಅಡುಗೆಮನೆಯ ನಡುವೆ ಹಾಸಿಗೆಯಗಲದ ಜಾಗ ಗುರುತಿಸಿ, ಅದನ್ನು ತಟಸ್ಥ ವಲಯ ಎಂದು ಸಾರಿದ. ಎರಡೂ ಬದಿಗೆ ಸೊಂಟದೆತ್ತರ ಪ್ಲೈವುಡ್ ಹೊಡೆಸಿದ. ಗೋಡೆಯ ವಿರುದ್ಧ ಹೋರಾಡುತ್ತಿದ್ದ ಎರಡು ಬಣಗಳೂ ಇದು ತಾತ್ಕಾಲಿಕ ಐತಿಹಾಸಿಕ ಹಂತ ಎಂದು ಸುತ್ತಿಗೆ ಹಿಡಿದುಕೊಟ್ಟವು. ಮಾರನೆಯ ದಿನ ಅಲ್ಲಿ ಮಂಚ ಬಂತು. ಮಂಚದ ಮೇಲೆ ಕ್ಯಾಮಿಲಸ್ ಬಂದ. ಮಂಗಳೂರಿನವನು, ಹೋಟೆಲಿನಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ತಟಸ್ಥ ವಲಯಕ್ಕೆ ಬಾಡಿಗೆ ಕೊಡುತ್ತಿದ್ದ.

"ಹೊಗೆ ಆಗುವುದಿಲ್ಲವಾ ಮಗಾ?" ಎಂದು ಲೋಲಾಕ್ಷಿಯಮ್ಮ ಕೇಳಿದರು.

"ಆಗ್ತದೆ ಆಂಟಿ. ಆದ್ರೆ ಮೊದಲಿದ್ದ ರೂಮಲ್ಲಿ ಹನ್ನೆರಡು ಜನ ಇದ್ದೆವು. ಇಲ್ಲಿ ಪ್ರೈವಸಿ ಉಂಟು," ಎಂದು ಮುಖಕ್ಕೆ ಟವೆಲ್ ಎಳೆದುಕೊಂಡ.

ಹೀಗೆ ಎಲ್ಲವೂ ಒಂದು ವ್ಯವಸ್ಥೆಗೆ ಬಂತು. ಸಿದ್ದಪ್ಪ ಬೆಳಿಗ್ಗೆ ಡೇರಾ ಬಡಾವಣೆಯ ಫ್ಯಾನುಗಳನ್ನು ರಿಪೇರಿ ಮಾಡಲು ಹೋಗುವ ಮೊದಲು ನಿಂತ ಫ್ಯಾನಿಗೆ ಮುಷ್ಟಿಯೆತ್ತಿ ವಂದಿಸುವನು. ಕೀರ್ತನ್ ಪಾರ್ಸೆಲ್ ತರುವನು. ನೆಂಟರು ಬಂದರೆ ಪೂವಪ್ಪ ಅವರನ್ನು ತಟಸ್ಥ ವಲಯದವರೆಗೆ ಕರೆದೊಯ್ದು ತೋರಿಸಿ, ಸದ್ದು ಮಾಡಬೇಡಿ, ಕ್ಯಾಮಿಲಸ್ ಮಲಗಿದ್ದಾನೆ ಎನ್ನುವನು. ಹಾನ್ ಮತ್ತು ಲಿಮ್ ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು.

ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ದನಿಗಳು ಏರಿದವು. ಮುಖ್ಯ ಶತ್ರು ಮಾಲಿಕ ಎಂದು ಲಿಮ್. ಮಾಲಿಕನನ್ನು ಕಂಡವರು ಯಾರೂ ಇಲ್ಲ, ಕಣ್ಣೆದುರಿಗಿರುವವನು ಅಹ್ಮದ್ ಕುಂಞಿ ಎಂದು ಸಿದ್ದಪ್ಪ. "ಹಂಗಾದ್ರ ನಾ ಬ್ಯಾರೆ ಆಕ್ಕೀನ್ರಿ," ಎಂಬ ಮಾತು ಸ್ಪಷ್ಟವಾಗಿ ಕೇಳಿತು. ಲೋಲಾಕ್ಷಿಯಮ್ಮ ಅಡುಗೆಮನೆಯಲ್ಲಿ ಕೇಳಿಸಿಕೊಂಡರು. ನಾಲ್ಕನೆಯ ಬಣ ಹುಟ್ಟುತ್ತಿತ್ತು. ಕಾದಿರಿಸಿದ ಕಿಟಕಿ ಬದಿಯ ಬರ್ನರು, ಘೋಷಣೆ ಮೊದಲು ಅಂಟಿಸಿದವರಿಗೆ.

ಅವರು ಸೆರಗು ಸಿಕ್ಕಿಸಿಕೊಂಡು ಕೋಣೆಗೆ ಬಂದರು. ತೃಷಾ ಹೋಂವರ್ಕ್ ಮಾಡುತ್ತಿದ್ದಳು.

"ಮಗಾ, ದೊಡ್ಡ ಕಾಗದ ತೆಗಿ. ನಾನು ಹೇಳ್ತೇನೆ, ನೀನು ಬರಿ. ಬೇಗ."

"ವಾಟ್ ಈಸ್ ಇಟ್, ಅಜ್ಜಿ?"

"ಘೋಷಣೆ. ಮೇಲೆ ಬರಿ: ಸಾರು ಬಣ. ಕೆಳಗೆ: ಗೋಡೆಯೂ ಅಲ್ಲ, ಮಾಲಿಕನೂ ಅಲ್ಲ, ಮುಖ್ಯ ವೈರುಧ್ಯ ಹಸಿವು ಮತ್ತು ತಣ್ಣಗಿನ ಒಲೆಯ ನಡುವಿನದು. ಅದು ತೀರಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ಉಳಿದವರೆಲ್ಲ ಅವಕಾಶವಾದಿಗಳು."

ತೃಷಾ ನಾಲಿಗೆ ಕಚ್ಚಿಕೊಂಡು ದುಂಡಗೆ ಬರೆದಳು. ಆಮೇಲೆ ತಲೆಯೆತ್ತಿ, "ಕ್ಯಾನ್ ಐ ಜಾಯಿನ್, ಅಜ್ಜಿ?" ಎಂದಳು.

ಲೋಲಾಕ್ಷಿಯಮ್ಮ ಗಂಭೀರವಾಗಿ ಯೋಚಿಸಿದರು.

"ಬೇಡ ಮಗಾ. ಇಬ್ಬರಾದರೆ ಒಡೆಯುತ್ತದೆ. ನೀನು ಊಟಕ್ಕೆ ಬಾ. ಈಗ ಕೆಳಗೆ ಬರಿ: ಸದಸ್ಯತ್ವ ಮುಗಿದಿದೆ."