ಹವ್ಯಾಸ: ಜರ್ಮನ್ ಫುಟ್‌ಬಾಲ್

ಹೇಳಿಬಿಡಲೇ? ಈಗ ಹೇಳಿದರೆ ಅಮ್ಮನ ಮುಖ ಬಾಡುತ್ತದೆ, ಅಷ್ಟೇ. ಹುಡುಗಿ ನೋಡಲು ಹೋಗಿ ಅಲ್ಲಿ ಸಿಕ್ಕಿಬಿದ್ದರೆ ಎರಡು ಮನೆಯವರ ಮುಖವೂ ಬಾಡುತ್ತದೆ. ಆದರೆ ಸಿಕ್ಕಿಬೀಳಲೇಬೇಕೆಂದು ಏನಿದೆ? ಬಯೋಡೇಟಾದ ಕೊನೆಯ ಸಾಲನ್ನು ಯಾರು ಓದುತ್ತಾರೆ? ಹೆಸರು, ನಕ್ಷತ್ರ, ಎತ್ತರ, ಕೆಲಸ. ಅಷ್ಟರಲ್ಲಿ ಎಂಥವರ ಕಣ್ಣೂ ದಣಿಯುತ್ತದೆ.

ನ್ಯಾಮತಿಯ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಮಾರುತೇಶ್ ಆ ಹಾಳೆಯನ್ನು ಐದನೇ ಸಲ ಓದಿದ. ಕೊನೆಯ ಸಾಲು ಕರಗಿರಲಿಲ್ಲ. 'ಹವ್ಯಾಸ: ಜರ್ಮನ್ ಫುಟ್‌ಬಾಲ್. ಕ್ಲಬ್ ಹಾಗೂ ರಾಷ್ಟ್ರೀಯ ತಂಡ ಎರಡೂ. ಪ್ರತಿ ಸೀಸನ್ ಪೂರ್ತಿ ನೋಡುವುದು.'

ಅವನು ಲೈಸೆನ್ಸಿನ ಖಾಸಗಿ ಭೂಮಾಪಕ. ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು ಬೈದಾಡುವಾಗ ಸುಮ್ಮನೆ ಸರಪಳಿ ಹಿಡಿದು ನಿಲ್ಲುವುದು ಅವನ ವೃತ್ತಿ, ಸುಮ್ಮನಿರುವುದು ಅವನ ಸ್ವಭಾವ. ಫುಟ್‌ಬಾಲನ್ನು ಅವನು ಆಡಿರಲಿಲ್ಲ, ನೋಡಿರಲೂ ಇಲ್ಲ. ಬಯೋಡೇಟಾ ಮಾಡಿಸಿದ್ದು ಸಂಬಂಧ ಹುಡುಕಿಕೊಡುವ ಬೆನಕಪ್ಪ. ಟೈಪು ಮಾಡಿದ್ದು ಚನ್ನಗಿರಿ ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯ ಪರಶುರಾಮ್. ಆತ ಹೊಸ ಬಯೋಡೇಟಾ ಎಂದೂ ಟೈಪು ಮಾಡುವವನಲ್ಲ. ಹಿಂದಿನವರ ಫೈಲು ತೆರೆದು ಹೆಸರು, ನಕ್ಷತ್ರ ಬದಲಿಸಿ ಪ್ರಿಂಟು ಹೊಡೆಯುತ್ತಾನೆ. ಯಾರದೋ ಹವ್ಯಾಸ ಅಳಿಸುವುದು ಮರೆತುಹೋಗಿತ್ತು.

ಮಾರುತೇಶ್ ಬೆನಕಪ್ಪನಿಗೆ ಫೋನು ಮಾಡಿದ.

"ಬೆನಕಣ್ಣ, ಆ ಕೊನೇ ಸಾಲು ನಂದಲ್ಲ."

"ನಿಂದಲ್ದೆ ಯಾರ್ದು? ನಿನ್ನ ಫೋಟೋ ಕೆಳಗೇ ಐತಲ್ಲ."

"ನಂಗೆ ಫುಟ್‌ಬಾಲ್ ಗೊತ್ತಿಲ್ಲ."

"ತಮ್ಮಾ, ಕೇಳಿಲ್ಲಿ. ಆ ಮನೇಗೆ ಮೂರು ಬಯೋಡೇಟಾ ಕೊಟ್ಟಿದ್ದೆ. ಅದ್ರಾಗೆ ಒಬ್ಬ ಗೌರ್ಮೆಂಟ್ ನೌಕರ. ಆದ್ರೂ ಅವರು ನಿನ್ನ ಹಾಳೆ ಎತ್ಕೊಂಡ್ರು. ಯಾಕೆ? ಹುಡುಗೀಗೂ ಅದೇ ಹವ್ಯಾಸ. ಆಕೆ ಬಯೋಡೇಟಾದಾಗೂ ಇದೇ ಬರೆದೈತೆ. ಗುಣ ಇಪ್ಪತ್ತನಾಲ್ಕು ಕೂಡಿದ್ವು, ಇದೂ ಕೂಡಿತು. ಈಗ ನೀನು ನಂದಲ್ಲ ಅಂದ್ರೆ ಉಳಿದಿದ್ದೂ ನಿಂದಲ್ಲ ಅಂತಾರೆ. ಹನ್ನೊಂದಕ್ಕೆ ಸಂತೇಬೆನ್ನೂರಾಗೆ ಇರ್ಬೇಕು."

ಫೋನು ಕಟ್ಟಾಯಿತು. ಬೇರೆ ಹುಡುಗಿಯಾಗಿದ್ದರೆ ಮಾರುತೇಶ್ ಅಲ್ಲಿಗೇ ಕೈಬಿಡುತ್ತಿದ್ದ. ಆದರೆ ಈಕೆ ಚೈತ್ರಶ್ರೀ, ಸಂತೇಬೆನ್ನೂರಿನ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವಳು. ಬೇಸಿಗೆಯಲ್ಲಿ ಆ ಊರಿನ ನಿವೇಶನ ಅಳೆಯಲು ಹೋದವನು ಬಿಸಿಲಿಗೆ ಸೋತು ಲೈಬ್ರರಿಯೊಳಗೆ ಕೂತಿದ್ದ. ಆಕೆ ಒಂದು ಚೊಂಬು ನೀರು ತಂದಿಟ್ಟು ಹೋಗಿ ಪುಸ್ತಕಗಳಿಗೆ ಮುದ್ರೆ ಒತ್ತುತ್ತಾ ಕೂತಳು. ಅರ್ಧ ಗಂಟೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಅಷ್ಟು ಹಿತವಾದ ಅರ್ಧ ಗಂಟೆಯನ್ನು ಅವನು ಯಾರ ಜೊತೆಯೂ ಕಳೆದಿರಲಿಲ್ಲ. ನಾಲ್ಕು ಹುಡುಗಿಯರ ಫೋಟೋ ನೋಡಿ "ಆಮೇಲೆ ನೋಡಾನ" ಅಂದವನು ಈಕೆಯ ಫೋಟೋ ನೋಡಿ "ಹೂಂ" ಅಂದಿದ್ದ. ತಾಯಿ ಅಂಜಮ್ಮ ಆ ಒಂದು ಹೂಂಗೆ ದ್ಯಾಮವ್ವನ ಗುಡಿಯಲ್ಲಿ ಐದು ಕಾಯಿ ಒಡೆಸಿದ್ದಳು.

"ಏನಾತೋ?" ಎಂದು ಪಕ್ಕದ ಮನೆಯ ಚಿಕ್ಕಹನುಮಂತಪ್ಪ ಗೋಡೆ ಮೇಲಿಂದ ಇಣುಕಿದ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಈಗ ಬೇರೆ ಬಸ್ಸಿಲ್ಲದೆ ನೆರೆಹೊರೆಯವರ ಬದುಕಿಗೇ ಸೀಟಿ ಊದುತ್ತಿದ್ದ. ವಿಷಯ ಕೇಳಿದವನೇ ಕಣ್ಣರಳಿಸಿದ.

"ಇಷ್ಟೇನಾ? ನಾನು ಹೊನ್ನಾಳಿ–ಹರಿಹರ ಇಪ್ಪತ್ತೆರಡು ಸ್ಟೇಜಿನ ರೇಟು ಒಂದೇ ದಿನದಾಗೆ ಬಾಯಿಪಾಠ ಮಾಡಿದೋನು. ಗಾಡ್ಯಾಗೆ ನಾನೂ ಬರ್ತೀನಿ. ದಾರಿ ಉದ್ದಕ್ಕೂ ಓದಿಸ್ತೀನಿ ನಡಿ."

"ಬ್ಯಾಡ ಮಾಮ, ನಿಮಗ್ಯಾಕೆ ತ್ರಾಸು."

"ತ್ರಾಸೇನು ಬಂತು? ಹಾಕ್ಕಳ್ಳಾಕೆ ಕರಿ ಬೂಟು ತೆಗೆದಿಟ್ಟೀನಿ ಆಗ್ಲೇ."

ಓಮ್ನಿ ನ್ಯಾಮತಿ ದಾಟುವಷ್ಟರಲ್ಲಿ ಚಿಕ್ಕಹನುಮಂತಪ್ಪ ಮೊಬೈಲಿನಲ್ಲಿ ಹೋದ ಸೀಸನ್ನಿನ ಇಡೀ ಜಾತಕ ತೆರೆದಿದ್ದ. "ಬರ್ಕೋ. ಲೀಗ್ ಗೆದ್ದೋರು ಲೆವರ್‌ಕುಸೆನ್. ಮೂವತ್ತನಾಲ್ಕು ಮ್ಯಾಚು, ಇಪ್ಪತ್ತೆಂಟು ಗೆಲುವು, ಆರು ಡ್ರಾ. ಒಂದೂ ಸೋತಿಲ್ಲ."

"ಡ್ರಾ ಅಂದ್ರೆ?" ಮುಂದಿನ ಸೀಟಿನಿಂದ ಅಂಜಮ್ಮ ಕೇಳಿದಳು.

"ಯಾರೂ ಗೆಲ್ಲಲ್ಲ, ಯಾರೂ ಸೋಲಲ್ಲ ಅಕ್ಕಾ."

"ಹಂಗಾದ್ರೆ ಮನೇಲಿ ಮಲಗಿದ್ರೆ ಆಗ್ತಿತ್ತಲ್ಲ."

"ಅದಕ್ಕೂ ಮುಂಚೆ ಹನ್ನೊಂದು ವರ್ಷ ಬಯರ್ನ್ ಒಂದೇ ಗೆದ್ದಿತ್ತಂತೆ. ನಮ್ಮ ಸೊಸೈಟಿ ಅಧ್ಯಕ್ಷ ಇದ್ದಂಗೆ. ಈ ಸಲ ಮೂರನೇ ಸ್ಥಾನ, ಕೈಗೆ ಒಂದು ಕಪ್ಪೂ ಇಲ್ಲ. ಎರಡನೇದು ಸ್ಟುಟ್‌ಗಾರ್ಟ್. ಎಲ್ಲಿ, ಹೇಳು ನೋಡಾನ."

"ಸ್ಟುಟ್…"

"ಗಾರ್ಟ್. ಪ್ರತಿ ಸ್ಟಾಪಿಗೂ ನಿಲ್ಸಿದ್ರೆ ಹೆಂಗೆ?"

ಹೊನ್ನಾಳಿಯ ತುಂಗಭದ್ರಾ ಸೇತುವೆ ದಾಟುವಾಗ ಮಾರುತೇಶನ ತಲೆ ಸಂತೆ ಮುಗಿದ ಬಯಲಿನಂತಾಗಿತ್ತು. ಡಾರ್ಟ್‌ಮಂಡ್ ಯಾವುದೋ ಫೈನಲ್ ಸೋತಿತ್ತು, ಲೆವರ್‌ಕುಸೆನ್ ಇನ್ಯಾವುದೋ ಫೈನಲ್ ಸೋತಿತ್ತು, ಆದರೆ ದೇಶದೊಳಗಿನ ಕಪ್ಪನ್ನೂ ಅದೇ ಗೆದ್ದಿತ್ತು. ಹೆಂಗಸರ ಲೀಗ್ ಬೇರೆ ಇತ್ತು, ಅದನ್ನು ಬಯರ್ನ್‌ನ ಹೆಂಗಸರು ಗೆದ್ದಿದ್ದರು. "ಅಷ್ಟಾದ್ರೂ ಮಾನ ಉಳಿಸ್ಯಾರೆ ನೋಡು ಹೆಣ್ಮಕ್ಳು" ಎಂದು ಅಂಜಮ್ಮ ತಲೆದೂಗಿದಳು. ಜರ್ಮನಿಯ ರಾಷ್ಟ್ರೀಯ ತಂಡ ತನ್ನದೇ ನೆಲದಲ್ಲಿ ನಡೆದ ಯೂರೋ ಕಪ್ಪಿನಲ್ಲಿ ಮೊದಲ ದಿನ ಐದು ಗೋಲು ಹೊಡೆದು, ಕ್ವಾರ್ಟರ್ ಫೈನಲ್ಲಿನಲ್ಲಿ ಸ್ಪೇನ್ ಕೈಯಲ್ಲಿ ಸೋತಿತ್ತು. ಅದು ನಡೆದು ಒಂದೂವರೆ ತಿಂಗಳೂ ಆಗಿರಲಿಲ್ಲ.

ಚನ್ನಗಿರಿ ಬಂತು. "ಒಂದು ನಿಮಿಷ ನಿಲ್ಸಿ" ಎಂದು ಮಾರುತೇಶ್ ಇಳಿದು ಝೆರಾಕ್ಸ್ ಅಂಗಡಿಯತ್ತ ಓಡಿದ. ಪರಶುರಾಮನಿಂದಲೇ ತಪ್ಪಾಗಿದೆ ಎಂದು ಒಂದು ಫೋನು ಮಾಡಿಸಿದರೆ ಸಾಕಿತ್ತು. ಶಟರ್ ಕೆಳಗಿತ್ತು. 'ಭಾನುವಾರ ರಜೆ' ಎಂದು ಅಂಟಿಸಿದ ಚೀಟಿಯಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ.

ಸಂತೇಬೆನ್ನೂರಿನ ಮನೆಯಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದವರು ಹುಡುಗಿಯ ಸೋದರಮಾವ ದಾಸಪ್ಪ. ನಿವೃತ್ತ ಹೆಡ್‌ಮಾಸ್ಟರ್. ಹುಡುಗಿಗೆ ತಂದೆಯಿಲ್ಲ; ಈ ಮನೆಯ ಹೂಂ ಊಹೂಂ ಎಲ್ಲ ಅವರದೇ ಎಂದು ಬೆನಕಪ್ಪ ಮೊದಲೇ ಎಚ್ಚರಿಸಿದ್ದ. ಉಪ್ಪಿಟ್ಟಿನ ಮೊದಲ ತುತ್ತು ಇಳಿಯುವ ಮೊದಲೇ ಅವರು ಜೇಬಿನಿಂದ ಒಂದು ಕಾಗದ ತೆಗೆದರು. ಹತ್ತು ಪ್ರಶ್ನೆ, ಪಕ್ಕದಲ್ಲಿ ಅಂಕ.

"ಹುಡುಗಿ ಹವ್ಯಾಸ, ಹುಡುಗನ ಹವ್ಯಾಸ ಒಂದೇ ಅಂದ್ರು. ನಂಗೂ ಕುತೂಹಲ ಆತು. ಸ್ವಲ್ಪ ಓದ್ಕೊಂಡೀನಿ. ಕೇಳ್ಲಾ?"

ಒಳಬಾಗಿಲ ಹತ್ತಿರ ಕಾಫಿ ತಟ್ಟೆ ಹಿಡಿದು ನಿಂತ ಚೈತ್ರಶ್ರೀ ತಲೆ ತಗ್ಗಿಸಿದಳು.

"ಕೇಳ್ರಿ" ಎಂದ ಚಿಕ್ಕಹನುಮಂತಪ್ಪ, ಪರೀಕ್ಷೆ ತನ್ನದೇ ಎಂಬಂತೆ.

"ಹೋದ ಸೀಸನ್ ಲೀಗ್ ಗೆದ್ದೋರು?"

"ಲೆವರ್‌ಕುಸೆನ್." ಮಾರುತೇಶನ ಬಾಯಿಂದ ಅದು ಹರಿಹರದ ಟಿಕೆಟ್ಟಿನಂತೆ ಹರಿದುಬಂತು.

"ಎಷ್ಟು ಡ್ರಾ?"

ಚಿಕ್ಕಹನುಮಂತಪ್ಪ ಆರು ಸಲ ಕೆಮ್ಮಿದ. "ಆರು" ಎಂದ ಮಾರುತೇಶ್.

"ನೀರು ಕೊಡ್ರಿ ಅವರಿಗೆ" ಎಂದರು ದಾಸಪ್ಪ. "ಕೆಳಗೆ ಬಿದ್ದ ತಂಡಗಳು?"

"ಕೊಲೋನ್, ಡಾರ್ಮ್‌ಸ್ಟಾಟ್. ಅವರನ್ನ ಎರಡನೇ ಲೀಗಿಗೆ ಹಾಕ್ತಾರೆ."

"ನೋಡ್ರಿ, ಅಲ್ಲಿ ಇನ್ನೂ ಫೇಲ್ ಮಾಡ್ತಾರೆ. ನಮ್ಮಲ್ಲಿ ಎಂಟನೇ ಕ್ಲಾಸಿನ ತನಕ ಎಲ್ಲ ಪಾಸು" ಎಂದು ದಾಸಪ್ಪ ನಿಟ್ಟುಸಿರುಬಿಟ್ಟರು. "ಮೈದಾನದ ಅಳತೆ?"

ಇದನ್ನು ಚಿಕ್ಕಹನುಮಂತಪ್ಪ ಓದಿಸಿರಲಿಲ್ಲ. ಆದರೆ ದಾರಿಯಲ್ಲಿ ನೂರೈದು ಮೀಟರು, ಅರವತ್ತೆಂಟು ಮೀಟರು ಎಂಬ ಎರಡು ಅಂಕಿ ಮೊಬೈಲಿನಲ್ಲಿ ಅವನ ಕಣ್ಣಿಗೆ ಬಿದ್ದಿದ್ದವು. ಭೂಮಾಪಕನ ಮನಸ್ಸು ಅವನ್ನು ಕೇಳದೆಯೇ ಗುಣಿಸಿತ್ತು. "ಒಂದು ಎಕರೆ ಮೂವತ್ತು ಗುಂಟೆ" ಎಂದ.

ಪಡಸಾಲೆಯ ಮೂಲೆಯಲ್ಲಿದ್ದ ಅಜ್ಜನೊಬ್ಬ ಕನ್ನಡಕ ಸರಿಮಾಡಿಕೊಂಡ. "ಅಷ್ಟು ಜಮೀನು ಬರೀ ಒದಿಯಾಕೆ ಬಿಟ್ಟಾರಾ? ಮೆಕ್ಕೆಜೋಳ ಹಾಕಿದ್ರೆ ಐವತ್ತು ಚೀಲ ಬರ್ತಿತ್ತು."

ಉಳಿದ ಪ್ರಶ್ನೆಗಳೂ ಮುಗಿದ ಮೇಲೆ ದಾಸಪ್ಪ ಪೆನ್ನು ತೆಗೆದು ಪೂರ್ತಿ ಅಂಕ ಕೊಟ್ಟರು. "ಪ್ರಥಮ ದರ್ಜೆ. ಇಬ್ಬರೂ ಹಿತ್ತಲಿಗೆ ಹೋಗಿ ಒಂದಿಷ್ಟು ಮಾತಾಡ್ಕಂಡು ಬರ್ಲಿ. ಅವರವರ ವಿಷಯ ಅವರಿಗೇ ಚೆನ್ನ."

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಬ್ಬರೂ ನಿಂತರು. ಇಲ್ಲಿ ಅಂಕ ಹಾಕುವವರು ಯಾರೂ ಇರಲಿಲ್ಲ. ಮಾರುತೇಶನಿಗೆ ಬೆಳಗಿನಿಂದ ಮೊದಲ ಸಲ ಉಸಿರು ನೆಟ್ಟಗೆ ಬಂತು. ಮಾತು ತೆಗೆದವಳು ಆಕೆ.

"ನಿಮ್ಮನ್ನ ಲೈಬ್ರರಿಯಾಗೆ ನೋಡಿದ್ದೆ. ಅವತ್ತು ನೀವು ಏನೂ ಮಾತಾಡ್ಲಿಲ್ಲ."

"ಹೌದು."

"ಫುಟ್‌ಬಾಲು… ನಿಜವಾಗ್ಲೂ ನಿಮಗೆ ಅಷ್ಟು ಇಷ್ಟಾನ್ರೀ?"

ಆಕೆಯ ಕಣ್ಣು ಅವನ ಮುಖದ ಮೇಲೇ ನಿಂತಿತ್ತು. ಹೇಳಿಬಿಡಬೇಕು ಅನ್ನಿಸಿತು. ತುಟಿಯೂ ತೆರೆಯಿತು. ಆದರೆ ಇದೇ ಕೊನೆಯ ಪ್ರಶ್ನೆ, ಇದಕ್ಕೇ ಹೆಚ್ಚು ಅಂಕ ಎಂದು ಒಳಗಿದ್ದ ವಿದ್ಯಾರ್ಥಿ ಎಚ್ಚರಿಸಿದ. ಪಡಸಾಲೆಯ ಕಿಟಕಿಯಿಂದ ಚಿಕ್ಕಹನುಮಂತಪ್ಪ ಬೇರೆ ಹೆಬ್ಬೆರಳು ತೋರಿಸುತ್ತಿದ್ದ.

"ಇಷ್ಟ ಅಂದ್ರೆ ಸಾಲದು. ಅದಿಲ್ದೆ ನಂಗೆ ಊಟ ಸೇರಲ್ಲ" ಎಂದ ಮಾರುತೇಶ್. ಒಮ್ಮೆ ಬಾಯಿ ತೆರೆದ ಮೇಲೆ ಅದು ಒಡ್ಡು ಒಡೆದ ಸೂಳೆಕೆರೆಯಾಯಿತು. "ಈಗ ಬೋಖುಮ್ ತಂಡ ತಗೊಳ್ರಿ. ತಮ್ಮ ಊರಾಗೇ ಮೂರು ಗೋಲಲ್ಲಿ ಸೋತ್ರು. ಕೆಳಗೆ ಬಿದ್ರು ಅಂತ ಎಲ್ಲರೂ ತಿಳ್ಕೊಂಡ್ರು. ಡುಸೆಲ್‌ಡಾರ್ಫ್‌ಗೆ ಹೋಗಿ ಅದೇ ಮೂರು ವಾಪಸ್ ಹೊಡೆದ್ರು. ಪೆನಾಲ್ಟಿಯಾಗೆ ಆರು–ಐದು…"

ಇಪ್ಪತ್ತು ನಿಮಿಷ ಹೇಳಿದ. ಜನ್ಮದಲ್ಲಿ ಅಷ್ಟು ಮಾತು ಅವನು ಒಟ್ಟಿಗೆ ಆಡಿರಲಿಲ್ಲ. ಚೈತ್ರಶ್ರೀ "ಹೂಂ" ಅನ್ನುತ್ತಿದ್ದವಳು ಆಮೇಲೆ ಅದನ್ನೂ ಬಿಟ್ಟು ಸೀರೆಯ ಸೆರಗಿನ ದಾರ ಎಳೆಯುತ್ತಾ ನಿಂತಳು. ಆ ಮೌನ ಅವನಿಗೆ ಪರಿಚಿತವೇ ಅನ್ನಿಸಿತು. ಲೈಬ್ರರಿಯದೇ ಹಿತವಾದ ಮೌನ ಎಂದುಕೊಂಡು ಯೂರೋಗೆ ಬಂದ.

ವಾಪಸಾಗುವಾಗ ಗಾಡಿಯಲ್ಲಿ ಹಬ್ಬ. "ಹತ್ತಕ್ಕೆ ಹತ್ತು" ಎಂದು ಚಿಕ್ಕಹನುಮಂತಪ್ಪ ಹೊನ್ನಾಳಿ ತನಕ ಹೇಳಿದ. ಅಂಜಮ್ಮ ಛತ್ರದ ವಿಚಾರ ತೆಗೆದಳು. ಮನೆ ಮುಟ್ಟಿ ಚಹಾ ಕುಡಿಯುವಷ್ಟರಲ್ಲಿ ಬೆನಕಪ್ಪನ ಫೋನು ಬಂತು.

"ತಮ್ಮಾ, ಆಗ್ಲಿಲ್ಲ."

"ಯಾಕೆ? ಎಲ್ಲ ಸರಿ ಹೇಳಿದ್ನಲ್ಲ."

"ಅದೇ ತೊಂದ್ರೆ ಆಗಿದ್ದು. ಆಕೆ ಬಯೋಡೇಟಾನೂ ನಮ್ಮ ಪರಶುರಾಮನೇ ಟೈಪು ಮಾಡಿದ್ದಂತೆ. ಆ ಸಾಲು ಇಬ್ಬರದ್ದೂ ಅಲ್ಲ. ಜಗಳೂರು ಕಡೆ ಗಾಳಿಗಿರಣಿ ಕಂಪನಿಯಾಗೆ ಇರೋ ಒಬ್ಬ ಎಂಜಿನಿಯರ್‌ದು. ದಾಸಪ್ಪನೋರು ಹೆಮ್ಮೆಯಿಂದ ಊರೆಲ್ಲ ಹೇಳ್ಕಂಡು ಬಿಟ್ಟಿದ್ರು, ಆಕೆಗೆ ಬಾಯಿ ಬಿಡಾಕೆ ಆಗಿರ್ಲಿಲ್ಲ. ಆ ಆಟ ಕಂಡ್ರೆ ಆಕೆಗೆ ಆಗಲ್ಲ. ನಿನ್ನ ಹಾಳೆ ಎತ್ಕೊಂಡೋಳೂ ಆಕೆನೇ. ಲೈಬ್ರರಿಯಾಗೆ ಸುಮ್ನೆ ಕೂತಿದ್ನಲ್ಲ, ಈ ಹುಡುಗನ ಹಾಳ್ಯಾಗೂ ಆ ಸಾಲು ತಪ್ಪಿ ಬಿದ್ದಿರ್ಬೇಕು ಅಂತ ಅನುಮಾನ ಇತ್ತಂತೆ. ಕೇಳಾನ ಅಂತ ಕೇಳಿದ್ಳಂತೆ. ನೀನು ಇಪ್ಪತ್ತು ನಿಮಿಷ ಉತ್ತರ ಕೊಟ್ಟೀಯ. ಇಷ್ಟು ಹುಚ್ಚಿರೋರ ಜೊತೆ ಸಂಸಾರ ಹೆಂಗೆ ಮಾವ ಅಂತ ಅತ್ತಳಂತೆ."

ಗೋಡೆಯಾಚೆ ಚಿಕ್ಕಹನುಮಂತಪ್ಪ ಯಾರಿಗೋ ಹೇಳುತ್ತಿದ್ದ: "ನಮ್ಮ ಮಾರುತೇಶ್ ಇದಾನಲ್ಲ, ಹೈಸ್ಕೂಲು ಫುಟ್‌ಬಾಲಿಗೆ ಅವನ್ನೇ ರೆಫರಿ ಮಾಡ್ರಿ. ನಾನು ಮಾತು ಕೊಟ್ಟೀನಿ."

"ಕೇಳ್ತಿದೀಯಾ?" ಎಂದ ಬೆನಕಪ್ಪ. "ಹತ್ತಕ್ಕೆ ಹತ್ತು ತಗೊಂಡೋನಿಗೆ ಫುಟ್‌ಬಾಲೇ ಗೊತ್ತಿಲ್ಲ ಅಂತ ಈಗ ನಾನು ಹೇಳಿದ್ರೆ ಯಾರು ನಂಬ್ತಾರೆ? ಬೇಜಾರು ಮಾಡ್ಕೋಬ್ಯಾಡ. ಕೆರೆಬಿಳಚಿಯಾಗೆ ಇನ್ನೊಂದು ಸಂಬಂಧ ಐತೆ. ಆ ಸಾಲು ಹಾಳ್ಯಾಗೆ ಇರ್ಲಿ, ತೂಕ ಬರ್ತೈತೆ. ಮುಂದಿನ ವಾರ ಹೊಸ ಸೀಸನ್ ಶುರು ಅಂತೆ, ಸ್ವಲ್ಪ ಓದ್ಕೊಂಡಿರು."

"ಹೂಂ" ಎಂದ ಮಾರುತೇಶ್, ಫೋನು ಇಟ್ಟ.

ಆಮೇಲೆ ಅವನು ನಿವೇಶನ ಅಳೆಯಲು ಎರಡು ಸಲ ಸಂತೇಬೆನ್ನೂರಿಗೆ ಹೋದ. ಎರಡು ಸಲವೂ ಲೈಬ್ರರಿಯ ಬಾಗಿಲ ತನಕ ಹೋಗಿ ಬಂದ. ತಾನು ಒಂದೇ ಒಂದು ಫುಟ್‌ಬಾಲ್ ಮ್ಯಾಚನ್ನೂ ನೋಡಿಲ್ಲ ಎಂದು ಅವನು ಚೈತ್ರಶ್ರೀಗೆ ಹೇಳಲಿಲ್ಲ.