ಗೇಟು ಹಾಕಿದ್ದೀರಾ?

ಮೂರು ವರ್ಷದ ನನ್ನ ಮಗಳು ಅನಿಷಾ ಸಸ್ಪೆಂಡ್ ಆಗಿದ್ದಾಳೆಂದು ಕೋಟೇಶ್ವರದಿಂದ ತಲ್ಲೂರಿನವರೆಗೆ ಸುದ್ದಿಯಾಗಿದೆ. ಮೊನ್ನೆ ಕ್ಷೌರಕ್ಕೆ ಕುಳಿತಿದ್ದಾಗ ಪಕ್ಕದ ಕುರ್ಚಿಯಲ್ಲಿದ್ದ ನಮ್ಮ ನೆರೆಮನೆಯ ಭೋಜರಾಜಣ್ಣ ಮುಖದ ನೊರೆಯನ್ನೂ ಒರೆಸಿಕೊಳ್ಳದೆ ನನ್ನ ಕಡೆ ತಿರುಗಿದರು. "ಹ್ವಾಯ್ ರತನ್, ನಿನ್ ಮಗಳ್ನ ಸಸ್ಪೆಂಡ್ ಮಾಡ್ರ್ ಗಡ. ಅಷ್ಟ್ ಸಣ್ ಹೆಣ್ಣ್ ಎಂತ ಮಾಡ್ತ್ ಮರಾಯಾ?"

ಸಸ್ಪೆಂಡ್ ಆದದ್ದು ಮಗಳಲ್ಲ, ಅವಳು ಹೋಗುವ ಬೀಜಾಡಿಯ ನರ್ಸರಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕ್ಷೌರಿಕ ನನ್ನ ತಲೆಯನ್ನು ಎದೆಗೆ ಒತ್ತಿ ಹಿಡಿದು ಹಿಂಭಾಗ ಹೆರೆಯತೊಡಗಿದ. ತಲೆ ತಗ್ಗಿಸಿ ಸುಮ್ಮನಿದ್ದವನನ್ನು ಕಂಡು ಭೋಜರಾಜಣ್ಣ, "ಇರ್ಲಿ ಬಿಡ್, ಬೇಜಾರ್ ಮಾಡ್ಕಣ್ಬ್ಯಾಡ" ಎಂದು ಸಮಾಧಾನ ಹೇಳಿಬಿಟ್ಟರು. ಊರಿನ ಸುದ್ದಿಗಳು ಹುಟ್ಟುವುದು ಹೀಗೆ.

ನಡೆದದ್ದು ಇಷ್ಟು. ಮಳೆಗಾಲದ ಮೀನುಗಾರಿಕೆ ರಜೆ ಮುಗಿದು, ಅಷ್ಟು ದಿನ ಒಣಮೀನಿನಲ್ಲಿ ಜೀವ ಹಿಡಿದುಕೊಂಡಿದ್ದ ನಮ್ಮ ಸೀಮೆಗೆ ಮೊದಲ ತಾಜಾ ಬಂಗುಡೆ ಬಂದ ದಿನ. ನರ್ಸರಿಯ ಎದುರು ಮೀನಿನ ಆಟೋ ಹಾರ್ನ್ ಹಾಕಿದೆ. ಆಯಾಗಳಿಬ್ಬರೂ ಪಾತ್ರೆ ಹಿಡಿದು ಹೊರಗೆ ಓಡಿದ್ದಾರೆ. ಅವರನ್ನು ವಾಪಸು ಕರೆಯಲೆಂದು ಹೋದ ಕುಸುಮಾವತಿ ಟೀಚರ್ (ನರ್ಸರಿ ಅವರದೇ) ಮೀನಿನ ಕಿವಿರು ಎಷ್ಟು ಕೆಂಪಗಿದೆ ಎಂದು ನೋಡುತ್ತ ಅಲ್ಲೇ ನಿಂತಿದ್ದಾರೆ. ಗೇಟು ಹಾರುಹೊಡೆದಿದೆ. ಪ್ರಖ್ಯಾತ್ ಎಂಬ ಪುಟಾಣಿ ಅದರಿಂದ ಹೊರಬಂದು, ಯಾರಿಗೂ ತೊಂದರೆ ಕೊಡದೆ, ತುಂಬಿ ಹರಿಯುವ ಚರಂಡಿಯ ಪಕ್ಕದಲ್ಲಿ ವಾಯುವಿಹಾರ ಹೊರಟಿದ್ದಾನೆ. ಬೈಕಿನಲ್ಲಿ ಬಂದವರೊಬ್ಬರು ಎತ್ತಿಕೊಂಡು ತಂದುಕೊಟ್ಟರು. ಮಗುವಿಗೆ ಒಂದು ಗೀರೂ ಆಗಿರಲಿಲ್ಲ. ಆದರೆ ವಿಷಯ ಶಿಕ್ಷಣ ಇಲಾಖೆಯವರೆಗೆ ಹೋಗಿ, ಸುರಕ್ಷತೆ ಸರಿಪಡಿಸುವ ತನಕ ನರ್ಸರಿ ಅಮಾನತು ಎಂದು ಆದೇಶವಾಯಿತು.

ಪೋಷಕರ ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಮಾತನಾಡಿದವನು ನಾನು. ನನ್ನದು ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ. ಮಳೆಗಾಲದಲ್ಲಿ ಮದುವೆಯೂ ಇಲ್ಲ, ಸಮಾರಂಭವೂ ಇಲ್ಲ. ಮಾತಿಗೆ ಬೇಕಾದಷ್ಟು ಬಿಡುವಿರುತ್ತದೆ. "ಒಂದು ಮೀನಿಗಾಗಿ ಮಕ್ಕಳನ್ನು ಮರೆಯುವುದೆಂದರೆ ಇದು ಮನುಷ್ಯಕುಲವೇ?" ಎಂದು ಮೇಜು ಗುದ್ದಿದೆ. ಕುಸುಮಾವತಿ ಟೀಚರ್ ವಾದಿಸಲಿಲ್ಲ. "ತಪ್ಪ್ ನಮ್ದೇ. ಗೇಟಿಗೆ ಮಕ್ಳ ಕೈಗೆ ಸಿಕ್ದಿದ್ ಹಾಂಗೆ ಮೇಲ್ ಚಿಲ್ಕ ಹಾಕ್ಸ್ತೆ. ಒಬ್ರ್ ಯಾವಾಗ್ಳೂ ಮಕ್ಳ ಹತ್ರವೇ ಇರ್ತೊ" ಎಂದರು. ತಪ್ಪು ಒಪ್ಪಿಕೊಂಡವರ ಎದುರು ಭಾಷಣ ಮುಂದುವರಿಸುವುದು ಕಷ್ಟ. ಕುಳಿತುಕೊಂಡೆ.

ಆದರೆ ಮನಸ್ಸು ಕೂರಲಿಲ್ಲ. ಉಣ್ಣುವಾಗ ಆ ತೆರೆದ ಗೇಟು, ಸ್ನಾನ ಮಾಡುವಾಗ ಆ ಚರಂಡಿಯ ಕೆಂಪು ನೀರು. ಹೆಂಡತಿ ಶರಣ್ಯಾ ಕುಂದಾಪುರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ರಜೆ ಹಾಕಿ ಹಾಕಿ ಅವಳಿಗೆ ಸಾಕಾಗಿತ್ತು.

"ಹ್ವಾಯ್, ಅಲ್ಲಿಗೇ ಕಳ್ಸುದಾ, ಬೇರೆ ಕಡಿ ಸೇರ್ಸುದಾ ಅಂತ ಈ ವಾರ ಒಂದ್ ಹೇಳಿ. ನಂಗ್ ಇನ್ ರಜೆ ಕೊಡುದಿಲ್ಲ."

"ಅಲ್ಲಿಗಂತೂ ಇಲ್ಲ. ಆ ಗೇಟ್ ಕಂಡ್ರೆ ನನ್ನ ಎದಿ ಹೊಡ್ಕಂತ್."

"ನಿಮ್ಗ್ ಲಿಫ್ಟ್ ಕಂಡ್ರೂ ಎದಿ ಹೊಡ್ಕಂತ್. ಅದಕ್ಕೆ ಊರಲ್ಲಿಪ್ಪು ಲಿಫ್ಟ್ ಎಲ್ಲ ಮುಚ್ಚುಕಾತ್ತಾ?"

"ನಿಂಗ್ ಹೆದ್ರಿಕಿಯೇ ಇಲ್ಯಾ ಹಾಂಗಾರೆ?"

ಅವಳು ಮಡಚುತ್ತಿದ್ದ ಮಗಳ ಫ್ರಾಕನ್ನು ಮಡಿಲಲ್ಲಿಟ್ಟುಕೊಂಡಳು. "ಇಲ್ದೇ ಎಂತ. ಆ ಗಂಡಿನ ಬದ್ಲ್ ನಮ್ ಹೆಣ್ಣಾಗಿದ್ರೆ ಅಂತ ದಿನಾ ಎಣ್ಸ್ತೆ. ಆರೆ ಹೆದ್ರಿ ಹೆದ್ರಿ ಎಲ್ಲಿಗ್ ಕಳ್ಸುದ್ ಅಂತ ನೀವ್ ಹೇಳ್ಕ್ ಅಲ್ದಾ?"

ಮೊದಲು ನೆನಪಾದದ್ದು ಶಂಕರನಾರಾಯಣದಲ್ಲಿರುವ ಅತ್ತೆ ಸುಂದರಮ್ಮ. ಫೋನು ಮಾಡಿದೆ. "ಅದಕ್ಕೆಂತ, ತಂದ್ ಬಿಡಿ. ನಾಲ್ಕ್ ಮಕ್ಳ್ ಸಾಕಿದ್ದೆ, ಒಂದಕ್ಕೂ ಎಂತ ಆಯ್ಲಿಲ್ಲ" ಎಂದರು.

"ಗದ್ದಿ ಕೆಲ್ಸವೂ ಮಾಡ್ಕಂಡ್ ಮಕ್ಳ್ನ ಹ್ಯಾಂಗ್ ಕಾಂತಿದ್ರಿ ಅತ್ತೆ?"

"ಕಾಂಬುದೆಂತಕ್ಕೆ? ಸೊಂಟಕ್ಕೆ ಹಳೇ ಸೀರೆ ಬಿಗ್ದ್ ಚಾವಡಿ ಕಂಬಕ್ಕೆ ಕಟ್ಟಿ ಹೋಪುದ್. ಬಪ್ಪತ್ತಿಗೆ ಅಲ್ಲೇ ಇರ್ತೊ."

ಆ ನಾಲ್ವರಲ್ಲಿ ಒಬ್ಬಳಾದ ನನ್ನ ಹೆಂಡತಿಯನ್ನು ಆ ಕ್ಷಣ ಹೊಸ ಅನುಕಂಪದಿಂದ ನೋಡಿದೆ. ಅವಳು ಮುಖ ತಿರುಗಿಸಿ, "ಬ್ಯಾಡ ಅಂತ ಹೇಳಿ" ಎಂದಳು.

ಎರಡನೆಯದು ಕುಂದಾಪುರ ಪೇಟೆಯಲ್ಲಿ ಹೊಸದಾಗಿ ತೆರೆದ ಶಿಶುಪಾಲನಾ ಕೇಂದ್ರ. ಸುರಕ್ಷತೆಯ ಸಾಕ್ಷಾತ್ ಕೋಟೆ. ಗೋಡೆಯ ಮೂಲೆಗಳಿಗೆಲ್ಲ ಸ್ಪಂಜು, ಬಾಗಿಲು ತೆರೆಯಬೇಕಾದರೆ ಬೆರಳಚ್ಚು, ಮೂಲೆ ಮೂಲೆಗೆ ಕ್ಯಾಮರಾ. ಮಗು ಏನು ಮಾಡುತ್ತಿದೆ ಎಂದು ದಿನವಿಡೀ ನಮ್ಮ ಫೋನಿನಲ್ಲೇ ನೋಡಬಹುದು. ನೋಡಿದ ಕೂಡಲೇ ನನಗೆ ಅಲ್ಲೇ ಸೇರಿಕೊಳ್ಳಬೇಕೆನಿಸಿತು. ಒಂದು ದಿನ ಪರೀಕ್ಷಾರ್ಥ ಬಿಟ್ಟು ನೋಡಿ ಎಂದರು. ಬಿಟ್ಟೆವು.

ಅಂಗಡಿಗೆ ಬಂದು ಕುರ್ಚಿಗಳ ರಾಶಿಯ ನಡುವೆ ಕುಳಿತು ಫೋನು ತೆರೆದೆ. ಅನಿಷಾ ಒಂದು ನೀಲಿ ಕುರ್ಚಿಯಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಆಮೇಲೆ ತೆರೆದಾಗಲೂ ಹಾಗೆಯೇ. ಉಳಿದ ಮಕ್ಕಳು ಸುತ್ತು ಕಟ್ಟಿ ಕೈ ತಟ್ಟುತ್ತಿದ್ದರು. ಇವಳು ಅಳಲಿಲ್ಲ, ಏಳಲಿಲ್ಲ. ಊಟ ತಿನ್ನಿಸಿದಾಗ ಬಾಯಿ ತೆರೆದಳು, ಮುಗಿದಾಗ ಮುಚ್ಚಿದಳು. ಯಾರೂ ಗದರಲಿಲ್ಲ, ಯಾವ ಅಪಾಯವೂ ಹತ್ತಿರ ಸುಳಿಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಮರೆತುಹೋದ ಗಂಟಿನಂತೆ ಕುಳಿತೇ ಇದ್ದಳು.

ಸಂಜೆ ಕರೆತರುವಾಗ ಸ್ಕೂಟರಿನಲ್ಲಿ ನನ್ನ ಎದುರು ನಿಂತವಳು ಮೆಲ್ಲಗೆ ಕೇಳಿದಳು: "ಅಪ್ಪಾ, ಕುಸ್ಮ ಟೀಚರ್ ಸತ್ ಹೋದ್ರಾ?"

ಮನೆಯಲ್ಲಿ ಶರಣ್ಯಾ, ಇಡೀ ದಿನ ತಾನೂ ಫೋನನ್ನೇ ನೋಡುತ್ತಿದ್ದೆ ಎಂದು ಒಪ್ಪಿಕೊಂಡಳು. "ನೀಲಿ ಕುರ್ಚಿ ಕಂಡ್ಕಂಡೇ ಒಬ್ಬ್ ಅಜ್ಜಯ್ಯಂಗ್ ಎರಡ್ ಸಲ ಸೂಜಿ ಚುಚ್ಚಿದೆ. ಹೀಂಗಾರೆ ನನ್ನ ಕೆಲ್ಸ ಹೋತ್" ಎಂದು ಕಣ್ಣೊರೆಸಿಕೊಂಡಳು.

ಆಗ ನಾನು ಮನೆಯ ಯಜಮಾನನಿಗೆ ಒಪ್ಪುವ ಧ್ವನಿಯಲ್ಲಿ ಘೋಷಿಸಿದೆ: "ಯಾರೂ ಬ್ಯಾಡ. ಮಗಳ್ನ ನಾನೇ ಕಾಂತೆ. ಮಳಿ ಮುಗಿಯುವರೆಗೆ ಅಂಗ್ಡಿಗೆ ಬೀಗ."

ಶರಣ್ಯಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಾಣಿ" ಎಂದಷ್ಟೇ ಹೇಳಿ, ಮರುದಿನ ಬೆಳಿಗ್ಗೆ ಬಸ್ಸಿಗೆ ಹೋದಳು.

ಮೊದಲ ದಿನಗಳಲ್ಲಿ ನನ್ನ ಆಡಳಿತ ದಕ್ಷವಾಗಿತ್ತು. ಬಾವಿಗೆ ಹಲಗೆ ಮುಚ್ಚಿದೆ. ಮೆಟ್ಟುಕತ್ತಿಯನ್ನು ಅಟ್ಟಕ್ಕೆ ಏರಿಸಿದೆ. (ತರಕಾರಿ ಹೆಚ್ಚಲು ಶರಣ್ಯಾ ಅಟ್ಟ ಹತ್ತಬೇಕಾಯಿತು, ಆ ಮಾತು ಬೇಡ.) ಬಂದವರಿಗೆಲ್ಲ ನನ್ನದು ಒಂದೇ ಪ್ರಶ್ನೆ: "ಗೇಟು ಹಾಕಿದ್ದೀರಾ?" ಅಂಚೆಯವನು ಕಾಗದಗಳನ್ನು ಗೋಡೆಯ ಮೇಲಿಂದ ಎಸೆದು ಹೋಗಲಾರಂಭಿಸಿದ.

ಆಮೇಲೊಂದು ಬೆಳಿಗ್ಗೆ ಅನಿಷಾ ಚಾವಡಿಯಲ್ಲಿ ಆಡುತ್ತಿದ್ದಳು, ನಾನು ಅನ್ನಕ್ಕೆ ನೀರಿಡುತ್ತಿದ್ದೆ. ರಸ್ತೆಯಲ್ಲಿ ಮೀನಿನ ಆಟೋದ ಹಾರ್ನ್ ಕೇಳಿತು. ಆಮೇಲೆ ಏನಾಯಿತೆಂದು ಪ್ರಾಮಾಣಿಕವಾಗಿ ನನಗೆ ಗೊತ್ತಿಲ್ಲ. ಹಾರ್ನ್ ಕೇಳಿದ್ದು ಗೊತ್ತು, ಆಟೋದ ಪಕ್ಕ ಪಾತ್ರೆ ಹಿಡಿದು ನಿಂತದ್ದು ಗೊತ್ತು. ನಡುವಿನದು ಕಾಲುಗಳು ಮಾಡಿದ ಕೆಲಸ. ಬುಟ್ಟಿಯಲ್ಲಿ ದಪ್ಪ ಬಂಗುಡೆಗಳಿದ್ದವು, ಭೋಜರಾಜಣ್ಣನ ಕೈ ಆಗಲೇ ಅವುಗಳ ಮೇಲಿತ್ತು. ನಾನೂ ಕೈ ಹಾಕಿದೆ. ಆರಿಸುವುದು, ಕಿವಿರು ಎತ್ತಿ ನೋಡುವುದು, ಚೌಕಾಸಿ, ಮಳೆ, ಗದ್ದಲ.

ಹಿಂದಿನಿಂದ ಯಾರೋ ಹೆಂಗಸು ಕೇಳಿದಳು: "ಹ್ವಾಯ್, ಚಕ್ರದ ಬುಡದಲ್ ನಿಂತ್ಕಂಡದ್ ಯಾರ್ ಮಗು?"

ನಾನು ಮೀನಿನಿಂದ ಕಣ್ಣು ತೆಗೆಯದೆ, "ಯಾರ್ದೋ ಏನೋ ಮರ್ರೆ. ಒಂಚೂರೂ ಜಾಗ್ರತಿ ಇಲ್ದವ್ರ್ ಮಕ್ಳ್ನ ಎಂತಕ್ ಹಡಿತ್ರೋ" ಎಂದೆ.

ಭೋಜರಾಜಣ್ಣ ನನ್ನ ತೋಳು ತಟ್ಟಿದರು. ತಿರುಗಿ ನೋಡಿದೆ. ಅನಿಷಾ ಬರಿಗಾಲಿನಲ್ಲಿ, ಪೂರ್ತಿ ಒದ್ದೆಯಾಗಿ, ಒಂದು ಸ್ಟೀಲ್ ಲೋಟ ಹಿಡಿದು ಆಟೋದ ಹಿಂಚಕ್ರಕ್ಕೆ ತಾಗಿ ನಿಂತಿದ್ದಳು. ಮೀನಿನವನು ಆಗಲೇ ಸೀಟಿನಲ್ಲಿ ಕುಳಿತು ಇಂಜಿನ್ ಶುರು ಮಾಡಿದ್ದ.

ಪಾತ್ರೆ ಎಲ್ಲಿ ಬಿತ್ತೋ ಕಾಣೆ. ಮಗಳನ್ನು ಎತ್ತಿಕೊಂಡವನು ಮನೆಯೊಳಗೆ ಬಂದು, ಬಾಗಿಲು ಹಾಕಿ, ಅದಕ್ಕೆ ಒರಗಿ ಕುಳಿತೆ. ಅವಳು ನನ್ನ ಕೆನ್ನೆ ಮುಟ್ಟಿ, "ಅಪ್ಪಂಗೆ ಮೀನ್ ಸಿಕ್ಲಿಲ್ಯಾ?" ಎಂದು ಕೇಳಿದಳು.

ಸಂಜೆ ಶರಣ್ಯಾ ಚಪ್ಪಲಿ ಬಿಡುವ ಮೊದಲೇ ವರದಿ ಮುಟ್ಟಿತು. "ಅಮ್ಮಾ, ನಾನ್ ರಸ್ತೆಗ್ ಹೋಯಿ ಮೀನ್ ಕಂಡೆ."

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕುರ್ಚಿ ಎಳೆದು ಕುಳಿತು, "ಗೇಟ್ ಹಾಕ್ಲಿಲ್ಯಾ?" ಎಂದಳು.

"ಇಲ್ಲ."

"ಸೋಮವಾರ ಬೀಜಾಡಿ ನರ್ಸರಿ ಓಪನ್ ಆತ್ ಗಡ. ಇಲಾಖೆಯವ್ರ್ ಬಂದ್ ಕಂಡ್ ಹೋಯಿದ್ರ್. ನಾನೂ ಬಪ್ಪತ್ತಿಗೆ ಹೋಯಿ ಚಿಲ್ಕ ಎಳ್ದ್ ಕಂಡೆ. ಅಲ್ಲಿಗೇ ಕಳ್ಸುವ. ಕುಸುಮಾವತಿ ಟೀಚರಿಗೆ ಒಂದ್ ಸಲ ಹೆದ್ರಿಕಿ ಆಯಿತ್, ಇನ್ ಮರಿತಿಲ್ಲೆ."

"ನಂಗೂ ಹೆದ್ರಿಕಿ ಆಯಿತ್ ಅಲ್ದಾ?"

"ನಿಮ್ಗೆ ಯಾವಾಗ್ಳೂ ಆತ್. ಅದ್ ಲೆಕ್ಕಕ್ಕಿಲ್ಲ."

ಒಪ್ಪಿದೆ, ಒಂದು ಷರತ್ತಿನ ಮೇಲೆ. ಗೇಟಿನ ಬಳಿ ಕಾವಲಿಗೆ ನಾನೇ ಕೂರುತ್ತೇನೆ. ಶರಣ್ಯಾ ಹಣೆ ಚಚ್ಚಿಕೊಂಡು, "ಕೂಕಣಿ" ಎಂದಳು.

ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಮೇಲೊಂದು ದೊಡ್ಡ ಕೊಡೆ ಕಟ್ಟಿಕೊಂಡು ಸೋಮವಾರದಿಂದ ಗೇಟಿನ ಹೊರಗೆ ವಿರಾಜಮಾನನಾದೆ. ಮೀನಿನ ಆಟೋವನ್ನು ತಿರುವಿನಲ್ಲೇ ತಡೆದು ವಾಪಸು ಕಳಿಸಿದೆ. ಚಿಲಕವನ್ನು ಆಗಾಗ ಅಲುಗಿಸಿ ನೋಡಿದೆ. ಅನಿಷಾ ಒಳಗೆ ಆಡುವುದನ್ನು ಬಿಟ್ಟು ಗೇಟಿನ ಸರಳು ಹಿಡಿದು ನನ್ನನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅಪ್ಪನ ಮೇಲೆ ಎಂಥ ಪ್ರೀತಿ ಎಂದು ನಾನು ಉಬ್ಬಿದೆ. ಅವಳನ್ನು ನೋಡಿ ಪ್ರಖ್ಯಾತ್ ಬಂದ, ಅವನ ಹಿಂದೆ ಉಳಿದವರೂ ಬಂದರು. ನಾನು ಎಲ್ಲರಿಗೂ ಟಾಟಾ ಮಾಡಿದೆ.

ವಾರದ ಕೊನೆಗೆ ಇಲಾಖೆಯ ಮೇಡಂ ಪರಿಶೀಲನೆಗೆ ಬಂದರು. ಚಿಲಕ ನೋಡಿದರು, ಬೇಲಿ ನೋಡಿದರು, ಮೆಚ್ಚಿದರು. ಆಮೇಲೆ ಗೇಟಿನ ಬುಡದಲ್ಲಿ ಗುಂಪುಗೂಡಿದ ಮಕ್ಕಳನ್ನು ನೋಡಿ, "ಇವರೆಲ್ಲ ಇಲ್ಲಿ ಯಾಕೆ ಬರ್ತಾರೆ?" ಎಂದರು. ಕುಸುಮಾವತಿ ಟೀಚರ್ ನನ್ನ ಕಡೆ ನೋಡಿದರು. ಮೇಡಂ ಕೂಡ ನನ್ನನ್ನೂ ಕುರ್ಚಿಯನ್ನೂ ಕೊಡೆಯನ್ನೂ ನೋಡಿದರು. "ಮಕ್ಕಳನ್ನು ಗೇಟಿನ ಹತ್ತಿರ ಸೆಳೆಯುವಂಥದ್ದು ಏನೂ ಇರಬಾರದು. ಇದೊಂದನ್ನು ತೆರವು ಮಾಡಿಸಿ" ಎಂದು ಹೇಳಿ ಜೀಪು ಹತ್ತಿದರು.

ಟೀಚರ್ ಗೇಟಿನ ಬಳಿ ಬಂದರು. "ರತನ್, ಬೇಜಾರ್ ಮಾಡ್ಕಣ್ಬ್ಯಾಡಿ. ನಿಮ್ ಮಗು ಬಂದಾಗಿಂದ ಒಂದ್ ತುತ್ತ್ ಸರಿ ಉಣ್ಲಿಲ್ಲ, ಒಂದಾಟ ಆಡ್ಲಿಲ್ಲ. ನೀವ್ ಒಂದಿನ ಮನೀಗ್ ಹೋಯಿ ಕಾಣಿ."

ನಾನು ಬಗ್ಗಿ ಸರಳಿನೆಡೆಯಿಂದ ಮಗಳನ್ನು ಕೇಳಿದೆ. "ಅಪ್ಪ ಹೋಪುದಾ ಮಗಾ? ನೀನ್ ಕೂಗ್ತಿಲ್ಲೆ ಅಲ್ದಾ?"

"ಹೋಗ್ ಅಪ್ಪಾ" ಎಂದಳು ಅನಿಷಾ. ನಾನು ಕುರ್ಚಿ ಎತ್ತಿಕೊಳ್ಳುವಷ್ಟರಲ್ಲಿ ಅವಳು ಒಳಗೆ ಓಡಿ ಸುತ್ತಿನಲ್ಲಿ ಸೇರಿಕೊಂಡಾಗಿತ್ತು. ತಿರುಗಿಯೂ ನೋಡಲಿಲ್ಲ. ಅವಳ ನಗು ರಸ್ತೆಯವರೆಗೆ ಕೇಳಿಸಿತು.

ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಟೆ. ತಿರುವಿನ ತನಕ ಹೋದವನು ತಡೆಯಲಾರದೆ ಹಿಂದಿರುಗಿ, ಸದ್ದಾಗದಂತೆ ಗೇಟನ್ನು ಒಮ್ಮೆ ಹೊರಗಿನಿಂದ ಎಳೆದು ನೋಡಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಒಳಗಿನಿಂದ ಆಯಾ ಗದರಿದಳು.

"ಯಾರದ್ ಅಲ್ಲಿ? ಮಕ್ಳಿಪ್ಪು ಜಾಗ ಇದ್. ಗೇಟ್ ಎಳುದ್ ಬ್ಯಾಡ, ದೂರ ಹೋಯ್ನಿ."

ಎದೆಯ ಮೇಲಿನ ಭಾರವೆಲ್ಲ ಇಳಿದಂತಾಗಿ, ನಾನು ದೂರ ಹೋದೆ.