ದೊಡ್ಡಪ್ಪನೆಂಬ ಚೆಲುವೆ

ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಎಲ್ಲರಿಗಿಂತ ಚಂದದ ಹೆಂಗಸು ಯಾರಾಗಿದ್ದಳು ಎಂದು ಹುಂಚದ ಬಸ್ ಸ್ಟ್ಯಾಂಡಿನಲ್ಲಿ ಕೂತ ಯಾವ ಹಳಬರನ್ನಾದರೂ ಕೇಳಿ ನೋಡಿ. ತಡವರಿಸದೆ ನಮ್ಮ ದೊಡ್ಡಪ್ಪನ ಹೆಸರು ಹೇಳುತ್ತಾರೆ!

ಗಾಬರಿಯಾಗಬೇಡಿ. ದೊಡ್ಡಪ್ಪ, ಎಂದರೆ ನನ್ನ ಅಪ್ಪನ ಅಣ್ಣ, ಪಕ್ಕಾ ಗಂಡಸು. ಭತ್ತದ ಚೀಲವನ್ನು ಹೂವಿನ ಬುಟ್ಟಿಯಂತೆ ಹೆಗಲಿಗೇರಿಸುವ ಆಳು. ಮೂಗಿನ ಕೆಳಗೆ ಹಕ್ಕಿ ಗೂಡು ಕಟ್ಟಬಹುದಾದಂಥ ಮೀಸೆ. ಆದರೆ ಹರೆಯದಲ್ಲಿ ಅವನು ಊರಿನ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಸ್ತ್ರೀವೇಷ ಕಟ್ಟುತ್ತಿದ್ದ. ಅವನು ರಂಗಕ್ಕೆ ಬಂದರೆ ಮುಂದೆ ಕೂತ ಗಂಡಸರು ಬೀಡಿ ಆರಿಸುತ್ತಿದ್ದರಂತೆ, ಹೆಂಗಸರು ತಮ್ಮ ತಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದರಂತೆ. ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ?

ಈ ಚೆಲುವೆಯ ಕಲಾಜೀವನ ಮುಗಿದದ್ದು ಮದುವೆಯ ಚಪ್ಪರದಲ್ಲಿ. ದೊಡ್ಡಮ್ಮ ಕೆಳದಿಯ ಹತ್ತಿರದವಳು. ಧಾರೆಯ ಹೊತ್ತಿಗೆ ಅವಳ ಕಡೆಯ ಹೆಂಗಸೊಬ್ಬಳು, "ಏನೇ, ಈ ಸೀರೆ ನಿಂಗೆ ತಂದಿದ್ದಾ, ನಿನ್ನ ಗಂಡಂಗೆ ತಂದಿದ್ದಾ?" ಎಂದುಬಿಟ್ಟಳಂತೆ. ಇಡೀ ಚಪ್ಪರ ನಕ್ಕಿತು. ದೊಡ್ಡಮ್ಮ ನಗಲಿಲ್ಲ. ಗಂಡನ ಮನೆಯ ಹೊಸ್ತಿಲ ಹೊರಗೆ ನಿಂತೇ ಹೇಳಿದಳು: "ಇನ್ಮೇಲೆ ನೀವು ಸೀರೆ ಮುಟ್ಟಂಗಿಲ್ಲ. ಮೀಸೆ ಬಿಡ್ಬೇಕು. ಹೂಂ ಅಂದ್ರೆ ಒಳಗೆ ಬರ್ತೀನಿ."

ದೊಡ್ಡಪ್ಪ ಹೂಂ ಎಂದ. ಹಾಗಾಗಿ ಊರೆಲ್ಲ ನೋಡಿದ ಆ ಚೆಲುವೆಯನ್ನು ನೋಡದೆ ಉಳಿದವಳು ದೊಡ್ಡಮ್ಮ ಒಬ್ಬಳೇ.

ವೇಷ ಬಿಟ್ಟ ಮಾತ್ರಕ್ಕೆ ವೇಷ ಇವನನ್ನು ಬಿಡುತ್ತದೆಯೆ? ನಾನು ಸಾಗರದಲ್ಲಿ ಬಿ.ಎ. ಓದುತ್ತಿದ್ದಾಗ ದೀಪಾವಳಿಗೆ ದೊಡ್ಡಮ್ಮನಿಗೆ ಸೀರೆ ತೆಗೆಯಲು ನನ್ನನ್ನೂ ಅಂಗಡಿಗೆ ಕರೆದುಕೊಂಡು ಹೋದ. ಹೋದವನೇ ಒಂದು ನೇರಳೆ ಸೀರೆಯನ್ನು ತನ್ನ ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಕತ್ತು ಕೊಂಕಿಸಿ ನಿಂತ! ಅಂಗಡಿಯವರು ಪಾಪ, ಮರ್ಯಾದಸ್ಥರು. "ಯಜಮಾನ್ರೇ, ಮನೆಯೋರು ನಿಮ್ಮ ಬಣ್ಣದೋರಾ?" ಎಂದು ಕೇಳಿದರು.

"ಅಲ್ಲ, ಅವ್ಳು ನಂಗಿಂತ ಸ್ವಲ್ಪ ಕಪ್ಪು. ಇದು ನಂಗೇ ಒಪ್ಪೋದು. ಅವ್ಳಿಗೆ ಬೇರೆ ತೆಗೀರಿ" ಎಂದ ದೊಡ್ಡಪ್ಪ.

ಅಂದಿನಿಂದ ಆ ರಸ್ತೆಯಲ್ಲಿ ನಾನು ಎದುರುಬದಿಯಲ್ಲಿ ನಡೆಯುವುದನ್ನು ರೂಢಿ ಮಾಡಿಕೊಂಡೆ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ನಮ್ಮಜ್ಜ ಗೇಣಿಗೆ ಗದ್ದೆ ಮಾಡಿ ಹೆಬ್ಬೆಟ್ಟು ಒತ್ತಿದವರು. ನಾನು ಬಸ್ಸಿಗೆ ಓಡಿ, ಹಾಸ್ಟೆಲಿನ ನೀರುಸಾರು ಉಂಡು ಬಿ.ಎ., ಬಿ.ಎಡ್. ಮುಗಿಸಿದವಳು. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಈಗ ತೀರ್ಥಹಳ್ಳಿಯಲ್ಲಿ ಸಿಸ್ಟರ್‌ಗಳು ನಡೆಸುವ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಾಟಕ, ನೃತ್ಯ, ವಾರ್ಷಿಕೋತ್ಸವ ಎಂದರೆ ಹೊಣೆಯೆಲ್ಲ ನನ್ನದೇ. ಇಷ್ಟು ಕಷ್ಟಪಟ್ಟು ಸಂಪಾದಿಸಿದ ಮರ್ಯಾದೆಯನ್ನು ಒಂದು ಮಧ್ಯಾಹ್ನದಲ್ಲಿ ಖಾಲಿ ಮಾಡುವ ಶಕ್ತಿ ದೊಡ್ಡಪ್ಪನಿಗಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ನಾನು ಸೇರಿದ ವರ್ಷದ ವಾರ್ಷಿಕೋತ್ಸವಕ್ಕೆ ಹುಡುಗಿಯರು ಶಾಲೆಯ ಹಾಲಿನಲ್ಲಿ ರಾಣಿಯ ನೃತ್ಯ ಅಭ್ಯಾಸ ಮಾಡುತ್ತಿದ್ದರು. ನನಗೆ ಹಲಸಿನ ಹಪ್ಪಳ ಕೊಡಲು ಬಂದಿದ್ದ ದೊಡ್ಡಪ್ಪ ಬಾಗಿಲಲ್ಲಿ ನಿಂತು ನೋಡಿದ. ನೋಡಿ ಸುಮ್ಮನಿದ್ದನೆ?

"ಎಂತ ಮಕ್ಳೇ ಇದು! ರಾಣಿ ಅಂತೀರಿ, ಕೋಣ ಗದ್ದೆಗೆ ಇಳ್ದಂಗೆ ನಡೀತೀರಲ್ಲೇ?"

"ಮತ್ತೆ ಹೆಂಗೆ ನಡೀಬೇಕು ಅಜ್ಜ? ನಾವು ಹೆಣ್ಮಕ್ಳೇ ಅಲ್ವಾ?" ಎಂದು ಒಂಬತ್ತನೆಯ ಕ್ಲಾಸಿನ ಒಬ್ಬ ಬಾಯಿಬಡುಕಿ ಕೇಳಿದಳು.

"ಹೆಣ್ಣಾಗಿ ಹುಟ್ಟಿದ ಕೂಡ್ಲೇ ನಡಿಗೆ ಬಂತಾ? ಅದ್ನ ಕಲೀಬೇಕು ಕಣೆ!" ಎಂದವನೇ ಪಂಚೆಯ ತುದಿಯನ್ನು ಬೆರಳಲ್ಲಿ ಹಿಡಿದು, ಮೀಸೆಯ ಸಮೇತ, ಸೊಂಟ ಬಳುಕಿಸುತ್ತ ಹಾಲಿನ ಈ ತುದಿಯಿಂದ ಆ ತುದಿಗೆ ನಡೆದ. ಆ ತುದಿಯಲ್ಲಿ ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನಿಂತಿದ್ದರು.

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಸಿಸ್ಟರ್ ನನ್ನನ್ನು ಕರೆದರು. "ಟೀಚರೇ, ಇವರು ಯಾರು?"

"ನಮ್ಮ ದೊಡ್ಡಪ್ಪ, ಸಿಸ್ಟರ್."

"ದೊಡ್ಡಪ್ಪನಾ? ನಡಿಗೆ ನೋಡಿದ್ರೆ ದೊಡ್ಡಮ್ಮನ ಹಾಗೆ ಉಂಟಲ್ಲ ಮಾರಾಯ್ರೆ!"

ಸಿಸ್ಟರ್ ಕುಂದಾಪುರದ ಕಡೆಯವರು. ಕೊಯ್ದ ಗದ್ದೆಯಲ್ಲಿ ಚಾಪೆ ಹಾಸಿ ಯಕ್ಷಗಾನದ ಆಟ ನೋಡಿ ಬೆಳೆದವರು. ನನ್ನ ನೌಕರಿ ಉಳಿಯಿತು. ಜೊತೆಗೆ ದೊಡ್ಡಪ್ಪನಿಗೂ ನಮ್ಮ ಶಾಲೆಯಲ್ಲಿ ಸಂಬಳವಿಲ್ಲದ ನೌಕರಿ ಸಿಕ್ಕಿತು. ಅಭ್ಯಾಸ ಶುರುವಾದರೆ ಸಾಕು, ಬೆಳಗಿನ ಬಸ್ಸಿಗೆ ಹಾಜರು!

ಯಕ್ಷಗಾನದವರು ಬಣ್ಣ ಹಚ್ಚುವ ಕೋಣೆಗೆ ಚೌಕಿ ಎನ್ನುತ್ತಾರೆ. ಅಲ್ಲಿ ಗಣಪತಿಗೆ ಪೂಜೆಯಾಗದೆ ಯಾರೂ ರಂಗಕ್ಕೆ ಹೋಗುವಂತಿಲ್ಲ. ಆ ವರ್ಷವೇ ನಮ್ಮಲ್ಲಿ ಕ್ರಿಸ್ಮಸ್ ನಾಟಕಕ್ಕೆ ಮಕ್ಕಳು ಸಿದ್ಧರಾಗುತ್ತಿದ್ದಾಗ ದೊಡ್ಡಪ್ಪ ತೆಂಗಿನಕಾಯಿ ಹಿಡಿದು ಬಂದ. "ದೊಡ್ಡಪ್ಪ, ಇದು ಕ್ರಿಸ್ಮಸ್ಸು!" ಎಂದು ನಾನು ಅಡ್ಡ ನಿಂತೆ. ಸಿಸ್ಟರ್ ಮಾತ್ರ, "ಇರಲಿ ಟೀಚರೇ, ನಾವೂ ಪ್ರಾರ್ಥನೆ ಮಾಡಿಯೇ ಶುರು ಮಾಡುವುದಲ್ವಾ?" ಎಂದರು. ಒಂದು ಮೂಲೆಯಲ್ಲಿ ಅವರ ಪ್ರಾರ್ಥನೆ ಆಯಿತು, ಇನ್ನೊಂದು ಮೂಲೆಯಲ್ಲಿ ಇವನ ಕಾಯಿ ಒಡೆಯಿತು. ಕುರುಬರು, ದೇವದೂತರು, ಮೂವರು ಜ್ಞಾನಿಗಳು ಎಲ್ಲ ಸೇರಿ ಕಾಯಿಚೂರು, ಬೆಲ್ಲ ಮೆದ್ದರು. ಜೋಸೆಫನ ಪಾತ್ರದ ಹುಡುಗ ಬೆಲ್ಲದ ಕೈಯನ್ನೇ ಗಡ್ಡಕ್ಕೆ ಒರೆಸಿಕೊಂಡ. ರಂಗದ ಮೇಲೆ ಮರಿಯಮ್ಮನಿಗೆ ಧೈರ್ಯ ಹೇಳುತ್ತ ಗಡ್ಡ ನೀವಿದಾಗ ಗಡ್ಡದ ಅರ್ಧಭಾಗ ಕೈಗೆ ಬಂತು. ಉಳಿದ ಅರ್ಧದಲ್ಲಿ ಬೆತ್ಲೆಹೇಮಿಗೆ ಹೊರಟ!

ಇರಲಿ, ಕಳೆದ ಕ್ರಿಸ್ಮಸ್ಸಿಗೆ ಬರುತ್ತೇನೆ.

ಆ ವರ್ಷದ ನಾಟಕದಲ್ಲಿ, ಬಸುರಿಯಾದ ಮರಿಯಮ್ಮ ಬೆಟ್ಟದ ಸೀಮೆಯಲ್ಲಿರುವ ತನ್ನ ನೆಂಟರ ಮುದುಕಿ ಎಲಿಜಬೇತಮ್ಮನನ್ನು ನೋಡಲು ಹೋಗುವ ದೃಶ್ಯವಿತ್ತು. ಎಲಿಜಬೇತಮ್ಮ ಮಕ್ಕಳಿಲ್ಲದೆ ಮುಪ್ಪಾದವಳು. ದೇವರ ದಯೆಯಿಂದ ಆ ವಯಸ್ಸಿನಲ್ಲಿ ಅವಳೂ ಬಸುರಿ. ದೇವದೂತರಾಗಲು ವೇದಿಕೆ ಹಿಡಿಸದಷ್ಟು ಹುಡುಗಿಯರು ಬಂದರು. ಮುದುಕಿಯಾಗಲು ಒಬ್ಬಳೂ ಇಲ್ಲ! "ಬಿಳಿ ಕೂದ್ಲು ಹಾಕ್ಕೊಂಡ ಫೋಟೋನ ಸ್ಟೇಟಸ್ಸಿಗೆ ಹಾಕಕ್ಕಾಗುತ್ತಾ ಟೀಚರ್?" ಎಂದು ನನ್ನನ್ನೇ ಕೇಳಿದರು.

"ನಿಮ್ಮ ದೊಡ್ಡಪ್ಪ ಉಂಟಲ್ಲ?" ಎಂದರು ಸಿಸ್ಟರ್.

"ಮೀಸೆಯೂ ಉಂಟಲ್ಲ ಸಿಸ್ಟರ್?"

"ಕೇಳಿ ನೋಡಿ. ಕೇಳುವುದಕ್ಕೆ ಎಂತ?"

ಭಾನುವಾರ ಊರಿಗೆ ಹೋಗಿ ಕೇಳಿದೆ. ಕೇಳುವಾಗ ನನಗೆ ಅಳುಕಿತ್ತು. ಏಕೆಂದರೆ ದೊಡ್ಡಪ್ಪ-ದೊಡ್ಡಮ್ಮನಿಗೆ ಮಕ್ಕಳಿಲ್ಲ. ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಪಾತ್ರದ ಕತೆ ಹೇಳಿ ಮುಗಿಸುವಷ್ಟರಲ್ಲಿ ದೊಡ್ಡಮ್ಮ ಎದ್ದು ಒಳಗೆ ಹೋದಳು. ದೊಡ್ಡಪ್ಪ ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕೂತ. ಆಮೇಲೆ ಒಳಗೆ ಕೇಳುವಂತೆ ಗಟ್ಟಿಯಾಗಿ ಹೇಳಿದ:

"ಮಾಡ್ತೀನಿ. ಆದ್ರೆ ಅವ್ಳು ಬಂದು ನೋಡ್ಬೇಕು. ಒಂದ್ಸಲ ಅವ್ಳು ನೋಡ್ಲಿ, ನಂಗೆ ಅಷ್ಟು ಸಾಕು."

ಒಳಗಿಂದ ಉತ್ತರ ಬಂತು. "ನಾ ಬರಲ್ಲ! ಈ ವಯಸ್ಸಲ್ಲಿ ಸೀರೆ ಉಟ್ಟು ಬಸ್ರಿ ಹೆಂಗ್ಸಾಗ್ತಾರಂತೆ! ಮದ್ವೆಲಿ ನಕ್ಕಿದ್ದು ಸಾಕಾಗ್ಲಿಲ್ವಾ ಜನ?"

ಮಾತು ಅಲ್ಲಿಗೇ ನಿಂತಿತು. ಆದರೆ ಮರುದಿನ ಬೆಳಿಗ್ಗೆ ದೊಡ್ಡಪ್ಪ ಬಚ್ಚಲಿನಿಂದ ಹೊರಗೆ ಬಂದಾಗ ಮೀಸೆ ಇರಲಿಲ್ಲ. ಅವನೇ ಸಾಕಿದ ನಾಯಿ ಅವನನ್ನು ಅಂಗಳದಿಂದ ಹಟ್ಟಿಯವರೆಗೂ ಅಟ್ಟಿಸಿಕೊಂಡು ಹೋಯಿತು! ದೊಡ್ಡಮ್ಮ ನಾಯಿಯನ್ನು ಗದರಿಸಿದಳು, ಗಂಡನನ್ನು ಮಾತ್ರ ಏನೂ ಅನ್ನಲಿಲ್ಲ. ಬರುತ್ತೇನೆಂದೂ ಅನ್ನಲಿಲ್ಲ.

ನಮ್ಮ ಶಾಲೆಯಲ್ಲಿ ಕಾರ್ಯಕ್ರಮಗಳೆಲ್ಲ ಹಗಲೇ ಮುಗಿಯಬೇಕು, ದೂರದ ಮಕ್ಕಳಿಗೆ ಸಂಜೆಯ ಬಸ್ಸು ತಪ್ಪಬಾರದು. ನಾಟಕದ ದಿನ ಊಟದ ಹೊತ್ತಿಗೆಲ್ಲ ದೊಡ್ಡಪ್ಪ ವೇಷ ಕಟ್ಟಿ ಮುಗಿಸಿದ್ದ. ಬಿಳಿ ಕೂದಲಿನ ಟೋಪನ್, ಉದ್ದ ತೋಳಿನ ರವಿಕೆ, ಸಿಸ್ಟರೇ ಯಾರಿಂದಲೋ ತಂದುಕೊಟ್ಟ ಕಂದು ಸೀರೆ. ನಿಮಿಷಕ್ಕೊಮ್ಮೆ ಪರದೆ ಸರಿಸಿ ಹೊರಗೆ ಇಣುಕುತ್ತಿದ್ದ. "ಬಂದ್ಲೇನೆ?" ಎಂದು ಕೇಳುತ್ತಿದ್ದ. ನಾನು ಇಲ್ಲ ಎಂದು ತಲೆ ಆಡಿಸಿ ಆಡಿಸಿ ಕತ್ತು ನೋವು ಬರಿಸಿಕೊಂಡೆ.

ಸ್ವಾಗತ ಭಾಷಣ ನಡೆಯುತ್ತಿದ್ದಾಗ ದೊಡ್ಡಮ್ಮ ಬಂದಳು. ಕೊಡೆ, ಕೈಚೀಲ ಹಿಡಿದು ನೆಟ್ಟಗೆ ಮುಂದಿನ ಸಾಲಿಗೆ ಹೋಗಿ ಅತಿಥಿಗಳ ಕುರ್ಚಿಯಲ್ಲಿ ಕೂತಳು. ಓಡಿಹೋಗಿ, "ಬಂದ್ಯಾ ದೊಡ್ಡಮ್ಮ?" ಎಂದೆ.

"ನೋಡಕ್ಕೆ ಬಂದಿದ್ದಲ್ಲ. ಯಾರಾದ್ರೂ ಇವ್ರನ್ನ ನೋಡಿ ನಕ್ರೆ ಸುಮ್ನಿರಲ್ಲ, ಅದಕ್ಕೆ ಬಂದೆ!"

ನಕ್ಕೇ ನಕ್ಕರು. ಮುದುಕಿ ಮೆಲ್ಲನೆ ಬಂದು ನಿಂತ ಕೂಡಲೇ ಹಿಂದಿನ ಸಾಲಿನ ಹುಡುಗರು, "ಅಜ್ಜ! ಅಜ್ಜ!" ಎಂದು ಕೂಗಿದರು. ದೊಡ್ಡಮ್ಮ ಕುರ್ಚಿಯಿಂದ ಎದ್ದು, ತಿರುಗಿ, ಕೊಡೆ ಎತ್ತಿದಳು. ಇಡೀ ಹಾಲು ತೆಪ್ಪಗಾಯಿತು. ನಾವು ಟೀಚರುಗಳು ಮೈಕಿನಲ್ಲಿ ಕಿರುಚಿದರೂ ಆಗದ ಕೆಲಸ!

ಮರಿಯಮ್ಮ ಬಂದಳು. ಅದೇ ಒಂಬತ್ತರ ಬಾಯಿಬಡುಕಿ ಹುಡುಗಿ, ಈಗ ಹತ್ತರಲ್ಲಿದ್ದಳು. ದೊಡ್ಡಪ್ಪನಿಗೆ ನಾನು ಕೊಟ್ಟದ್ದು ಎರಡೇ ಮಾತು: ಅವಳನ್ನು ಬರಮಾಡಿಕೊಳ್ಳುವುದು, ಹರಸುವುದು. ಆದರೆ ಯಕ್ಷಗಾನದಲ್ಲಿ ಮಾತನ್ನು ಬರೆದುಕೊಡುವ ಪದ್ಧತಿ ಎಲ್ಲಿದೆ? ಕತೆ ತಿಳಿದಿದ್ದರೆ ಸಾಕು, ಮಾತು ನಿಂತಲ್ಲೇ ಹುಟ್ಟಬೇಕು. ಹುಟ್ಟಿತು!

"ಬಾ ಮಗಾ, ಬಾ. ಬಯಲುಸೀಮೆಯಿಂದ ಬೆಟ್ಟ ಹತ್ತಿ ಬಂದಿದೀಯ. ದಾರೀಲಿ ಕಾಲಿಗೆ ಇಂಬಳ ಹತ್ತಿದ್ವೇನೆ?"

ನಮ್ಮ ಮಲೆನಾಡಿನ ರಕ್ತ ಹೀರುವ ಜಿಗಣೆ ಬೈಬಲ್ಲಿನ ಕತೆಗೂ ಹತ್ತಿತ್ತು! ಹುಡುಗಿ ನಮ್ಮ ನೆಲದವಳೇ ತಾನೆ? ಒಂದು ಗಳಿಗೆಯೂ ತಡೆಯದೆ, "ಸುಣ್ಣ ಹಚ್ಕೊಂಡೇ ಹೊರಟಿದ್ದೆ ಅಜ್ಜಿ" ಎಂದಳು.

ಚಪ್ಪಾಳೆಯೋ ಚಪ್ಪಾಳೆ. ಪಕ್ಕದಲ್ಲಿದ್ದ ಸಿಸ್ಟರ್ ನನ್ನ ಕಿವಿಯಲ್ಲಿ, "ಮರಿಯಮ್ಮನ ನಜರೇತಿನಲ್ಲಿ ಇಂಬಳ ಉಂಟಾ ಟೀಚರೇ? ನೀವು ಸಮಾಜ ಪಾಠದವರಲ್ವಾ?" ಎಂದು ಕೇಳಿದರು.

ಇನ್ನು ಹರಸಿ ಮುಗಿಸಬೇಕಿತ್ತು. ಎಲಿಜಬೇತಮ್ಮ ಹರಸಲಿಲ್ಲ. ರಂಗದ ಅಂಚಿಗೆ ಬಂದು, ಒಂದು ಮೊಣಕಾಲು ಮಡಚಿ, ನಮ್ಮೂರ ಹೆಂಗಸರು ಜಗಲಿಯಲ್ಲಿ ಕೂರುವಂತೆ ಕೂತಳು. ಹೌದು, ಕೂತಳು. ನನಗೆ ಅಲ್ಲಿ ದೊಡ್ಡಪ್ಪ ಕಾಣುತ್ತಿರಲಿಲ್ಲ.

"ನಿಂಗೊಂದು ಹೇಳ್ತೀನಿ ಮಗಾ. ಯಾರಿಗೂ ಹೇಳಿದ್ದಲ್ಲ. ಊರಲ್ಲಿ ಯಾರು ಹೆತ್ರೂ ಬಾಣಂತಿ ಖಾರ ಕುಟ್ಟಿ ಕೊಡೋಳು ನಾನೇ. ನೀರು ಕಾಯ್ಸಿ ಕೊಡೋಳು ನಾನೇ. ಆಮೇಲೆ ಅವ್ರು, 'ತಗಳೇ, ಕೂಸು ಎತ್ಕೋ' ಅಂತಾರೆ. ನಾನು, 'ಬ್ಯಾಡ, ಕೈ ಒದ್ದೆ ಇದೆ' ಅಂತೀನಿ. ಎಲ್ರ ಮನೇಲೂ ಹಂಗೇ ಅಂದೆ. ಕೈ ಒದ್ದೆ ಇರ್ಲಿಲ್ಲ ಮಗಾ. ಎತ್ಕೊಂಡ್ರೆ ವಾಪಸ್ ಕೊಡಕ್ಕೆ ಮನ್ಸಾಗುತ್ತೋ ಇಲ್ವೋ ಅಂತ."

ನನ್ನ ತಂಗಿಯ ಬಾಣಂತನದಲ್ಲಿ, ಚಿಕ್ಕಮ್ಮನ ಮೊಮ್ಮಗುವಿನ ತೊಟ್ಟಿಲ ದಿನ, ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅದೇ ಮಾತು ಹೇಳಿದ್ದನ್ನು ನಾನೂ ಕೇಳಿದ್ದೆ. ಕೇಳಿ, ಒದ್ದೆಯೇ ಇರಬೇಕು ಎಂದುಕೊಂಡಿದ್ದೆ.

ಮರಿಯಮ್ಮನಾಗಿದ್ದ ಹುಡುಗಿ ಹೋಗಿ ಮುದುಕಿಯ ಎರಡೂ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಯಾರು ಯಾರನ್ನು ಹರಸಿದರೋ ಗೊತ್ತಾಗಲಿಲ್ಲ. ಪರದೆ ಬಿತ್ತು.

ನಾನು ಬಣ್ಣದ ಕೋಣೆಗೆ ಹೋಗುವಷ್ಟರಲ್ಲಿ ದೊಡ್ಡಮ್ಮ ಅಲ್ಲಿದ್ದಳು. ದೊಡ್ಡಪ್ಪ ಸ್ಟೂಲಿನ ಮೇಲೆ, ಬೈಸಿಕೊಳ್ಳಲು ಸಿದ್ಧನಾಗಿ, ತಲೆ ತಗ್ಗಿಸಿ ಕೂತಿದ್ದ.

"ಕೈ ಒದ್ದೆ ಅನ್ನೋದನ್ನ ನಿಮ್ಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನೋಡಿದೀನಲ್ಲ."

"ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ?"

"ಗಂಡ್ಸಾಗಿ ಹೇಳಕ್ಕೆ ಬರ್ಲಿಲ್ಲ ಮಾರಾಯ್ತಿ."

ದೊಡ್ಡಪ್ಪ ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆಯ ಬಾಟಲಿಗೆ ಕೈ ಹಾಕಿದ. ದೊಡ್ಡಮ್ಮ ಬಾಟಲಿಯನ್ನು ಕಸಿದು ದೂರ ಇಟ್ಟಳು.

"ಇರ್ಲಿ. ಮನೆ ತನ್ಕ ಹಿಂಗೇ ಬರ್ರಿ."

ಅವರನ್ನು ಬಸ್ಸು ಹತ್ತಿಸಲು ನಾನೂ ಹೋದೆ. ಈಗ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ, ಕಂಡಕ್ಟರು ಬಾಗಿಲಲ್ಲಿ ನಿಂತ ಎರಡೂ ಸೀರೆಗಳನ್ನು ನೋಡಿ, "ಇಬ್ರದ್ದೂ ಆಧಾರ್ ಕಾರ್ಡ್ ತೋರ್ಸಿ" ಎಂದ. ದೊಡ್ಡಪ್ಪ ಗಂಡು ಗಂಟಲಲ್ಲಿ, "ನಂಗೆ ಟಿಕೆಟ್ ಕೊಡಪ್ಪಾ" ಎಂದಾಗ ಆ ಮನುಷ್ಯ ಮೆಟ್ಟಿಲಿನಿಂದ ಬೀಳುವುದೊಂದು ಬಾಕಿ! ಬಸ್ಸಿಗೆ ಬಸ್ಸೇ ನಕ್ಕಿತು. ದೊಡ್ಡಮ್ಮ ಯಾರ ಕಡೆಗೂ ಕೊಡೆ ಎತ್ತಲಿಲ್ಲ.

ಇಬ್ಬರೂ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತರು. ನಾನು ಹೊರಗಿನಿಂದ ಕೈ ಬೀಸಿದೆ. ಅವರು ನೋಡಲಿಲ್ಲ. ದೊಡ್ಡಮ್ಮ ಮಾತು ಶುರುಮಾಡಿದ್ದಳು. ಏನು ಹೇಳುತ್ತಿದ್ದಳೋ ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಮಾತೂ ಅದಲ್ಲ. ಬಸ್ಸು ಹೊರಟಿತು, ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಮಾತಾಡುತ್ತಲೇ ಇದ್ದಳು. ನಮ್ಮ ದೊಡ್ಡಪ್ಪ ಕೆನ್ನೆಗೆ ಕೈಯಿಟ್ಟುಕೊಂಡು, ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿನ ಮಾತು ಕೇಳುವ ಹಾಗೆ, ಕೇಳುತ್ತಿದ್ದ.